ಕಣ್ಣಿಗೆ ಬಿದ್ದರೂ ನೆನಪಿಗೆ ಬಾರದ ಕಳ್ಳಿ

ರೆನ್ ವ್ಯಾಲೆರ್ ನಿಮ್ಮ ಪಕ್ಕದಲ್ಲೇ ಹಾದುಹೋದರೂ ಮರುಗಳಿಗೆ ಆಕೆಯ ಮುಖ ನಿಮಗೆ ನೆನಪಿರುವುದಿಲ್ಲ. ಲಿಫ್ಟಿನಲ್ಲಿ ಜೊತೆಗೇ ಹತ್ತಿ, ಜೊತೆಗೇ ಇಳಿದು, ಕಾವಲುಗಾರನ ಮೇಜಿನ ಮುಂದೆಯೇ ನಡೆದುಹೋದರೂ ಅವನಿಗೆ ಆಮೇಲೆ ‘ಯಾರೋ ಒಬ್ಬಳು ಬಂದಿದ್ದಳು’ ಎನ್ನುವಷ್ಟು ಕೂಡ ಗುರುತು ಉಳಿಯುವುದಿಲ್ಲ. ಆಕೆ ಗಾಳಿಯಲ್ಲಿ ಕರಗುವವಳಲ್ಲ, ಮಾಯದ ಮುಸುಕು ಹೊದೆಯುವವಳೂ ಅಲ್ಲ. ನೋಡುವವರ ಗಮನವೇ ಆಕೆಯ ಮೇಲೆ ನಿಲ್ಲದೆ ಜಾರಿಬಿಡುತ್ತದೆ. ಹುಟ್ಟಿನಿಂದ ಬಂದ ಈ ಗುಣವನ್ನೇ ಬಂಡವಾಳ ಮಾಡಿಕೊಂಡು, ಹಣ ಪಡೆದು ಬೇರೆಯವರಿಗಾಗಿ ಕದಿಯುವ ಕಸುಬನ್ನು ಮ್ಯಾನ್‌ಹಟನ್ನಿನಲ್ಲಿ ನಡೆಸುತ್ತಾಳೆ. ಲಾರಾ ಆ್ಯನ್ ಗಿಲ್ಮನ್ ಬರೆದ ‘ರಿಟ್ರೀವರ್ಸ್’ ಮಾಲಿಕೆಯ ಆರೂ ಕಾದಂಬರಿಗಳ ನಾಯಕಿ ಈಕೆ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಮಾಲಿಕೆಯ ಮೊದಲ ಪುಸ್ತಕ ‘ಸ್ಟೇಯಿಂಗ್ ಡೆಡ್’ ನನ್ನ ಕೈಗೆ ಸಿಕ್ಕಿದ್ದು ಪ್ರಣಯ ಕಾದಂಬರಿಗಳ ಸಾಲಿನಲ್ಲಿ. ಅಲ್ಲಿಟ್ಟವರದ್ದೂ ತಪ್ಪಲ್ಲ. ನಮ್ಮ ಕಾಲೇಜು ದಿನಗಳ ಮಿಲ್ಸ್ ಅಂಡ್ ಬೂನ್ ಯಾವ ಕೆನಡಾ ಕಂಪನಿಯ ಒಡೆತನದಲ್ಲಿದೆಯೋ ಅದೇ ಹಾರ್ಲೆಕ್ವಿನ್ 2004ರಲ್ಲಿ ‘ಲೂನಾ’ ಎಂಬ ಹೆಸರಿನಲ್ಲಿ ಹೆಂಗಸರಿಗಾಗಿಯೇ ಫ್ಯಾಂಟಸಿ ಪುಸ್ತಕಗಳನ್ನು ಹೊರತರಲು ಶುರುಮಾಡಿತು. ರೆನ್‌ಳ ಮೊದಲ ಕತೆ ಬಂದದ್ದು ಅದೇ ವರ್ಷ, ಅದೇ ಮುದ್ರೆಯಡಿ. ನಿಂತಲ್ಲೇ ಹತ್ತು ಪುಟ ಓದುವ ಹೊತ್ತಿಗೆ ನನಗೆ ಬೇರೆ ಪುಸ್ತಕ ಹುಡುಕುವ ಮನಸ್ಸೇ ಉಳಿಯಲಿಲ್ಲ. ಉಳಿದ ಐದನ್ನು ಅಲ್ಲಿ ಇಲ್ಲಿ ಹುಡುಕಿ ಕೂಡಿಹಾಕಿ ಓದಿ ಮುಗಿಸಿದ ಮೇಲೂ ಆ ಮೊದಲ ಪುಟಗಳ ಬಿಸಿ ಆರಿಲ್ಲ.

ಏನಿತ್ತು ಆ ಪುಟಗಳಲ್ಲಿ? ಒಂದು ಕಲ್ಲು ಕಳುವಾಗಿತ್ತು. ಮ್ಯಾನ್‌ಹಟನ್ನಿನ ದೊಡ್ಡ ವ್ಯಾಪಾರಿ ಕಟ್ಟಡವೊಂದರ ಮೂಲೆಗಲ್ಲು, ಅಂದರೆ ಶಂಕುಸ್ಥಾಪನೆಯ ಕಲ್ಲು. ಕಟ್ಟಡ ಹಾಗೇ ನಿಂತಿದೆ, ಕಲ್ಲು ಮಾತ್ರ ಇಲ್ಲ. ಕಟ್ಟಡವನ್ನೂ ಅದರ ಒಡೆಯರನ್ನೂ ಕಾಯಲೆಂದು ಒಂದು ಮಂತ್ರವನ್ನು ಅದರೊಳಗೆ ಕಟ್ಟಿಹಾಕಿದ್ದರು. ಆ ಮಂತ್ರ ಗಟ್ಟಿಯಾಗಿ ನಿಲ್ಲಲೆಂದು ಒಬ್ಬನ ಜೀವ ತೆಗೆದಿದ್ದರು. ಕಲ್ಲು ಕದಲಿದ ಕೂಡಲೇ ಸತ್ತವನೂ ಎದ್ದ.

‘ಕೆರೆಗೆ ಹಾರ’ವನ್ನು ಶಾಲೆಯಲ್ಲಿ ಓದಿದ ನಮ್ಮಂಥವರಿಗೆ ಇಲ್ಲಿ ಎದೆ ಝಲ್ಲೆನ್ನದೆ ಇರದು. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ, ಕಿರಿಯ ಸೊಸೆ ಭಾಗೀರಥಿ ಹಾರವಾದಳು. ರುಮೇನಿಯಾದ ಮೇಸ್ತ್ರಿ ಮನೋಲೆ ಮಠ ಕಟ್ಟುವಾಗ ತನ್ನ ಹೆಂಡತಿಯನ್ನೇ ಗೋಡೆಯಲ್ಲಿ ಹುದುಗಿಸುತ್ತಾನೆ. ಗ್ರೀಸಿನ ಆರ್ಟಾ ಸೇತುವೆಗೂ ಇಂಥದೇ ಹಾಡಿದೆ. ಆ ಹಾಡುಗಳಲ್ಲಿ ಬಲಿಯಾದವಳು ಕಲ್ಲಿನೊಳಗೋ ನೀರಿನೊಳಗೋ ಉಳಿಯುತ್ತಾಳೆ, ಕಟ್ಟಿದ್ದು ನಿಲ್ಲುತ್ತದೆ, ಊರು ಆಕೆಯ ಹೆಸರು ಹೇಳಿ ಕಣ್ಣೊರೆಸಿಕೊಳ್ಳುತ್ತದೆ. ಗಿಲ್ಮನ್ ಅಡಿಪಾಯದ ಕಲ್ಲನ್ನೇ ಕಳ್ಳರ ಕೈಗೆ ಕೊಟ್ಟು, ಬಲಿಯಾದವನನ್ನು ಹೊರಗೆ ಬಿಡುತ್ತಾರೆ. ಈಗ ಲೆಕ್ಕ ಕೇಳುವ ಸರದಿ ಅವನದು.

ಕಲ್ಲು ಹುಡುಕಿ ತರುವ ಕೆಲಸ ರೆನ್‌ಳದು. ಕೆಲಸ ಒಪ್ಪಿಕೊಂಡು ಬರುವವನು ಸೆರ್ಗೆ ಡಿಡಿಯೆ. ಕಲಾಕೃತಿಗಳ ಗ್ಯಾಲರಿ ನಡೆಸುವ ಗಂಭೀರ ಮನುಷ್ಯ, ಸೂಟು ಹಾಕಿ ಗಿರಾಕಿಯ ಎದುರು ಕೂತು ದರ ಮಾತಾಡುವವನು ಅವನೇ. ಅವನಲ್ಲಿ ಮಂತ್ರಶಕ್ತಿ ಎಳ್ಳಷ್ಟೂ ಇಲ್ಲ. ಆಕೆಗೆ ಗಿರಾಕಿಯ ಎದುರು ಕೂರುವುದು ಆಗದು. ಕೂತರೂ ಗಿರಾಕಿಯ ಗಮನ ಆಕೆಯ ಮೇಲೆ ನಿಲ್ಲಬೇಕಲ್ಲ. ಮುಂಗಡ ಎಷ್ಟು, ಖರ್ಚು ಯಾರದು, ಗಿರಾಕಿ ಮುಚ್ಚಿಟ್ಟ ವಿಷಯ ಯಾವುದು, ಕೆಲಸ ಕೆಟ್ಟರೆ ಹೊಣೆ ಯಾರದು ಎಂದು ಇಬ್ಬರೂ ಕೂತು ತರ್ಕಿಸುವ ಪುಟಗಳನ್ನು ನಾನು ಹೊಡೆದಾಟದ ಪುಟಗಳಿಗಿಂತ ಹೆಚ್ಚು ಆಸೆಯಿಂದ ಓದಿದೆ. ಇವರ ನಡುವೆ ಪ್ರೀತಿ ಮೊಳೆಯುವುದು ನಿಧಾನ. ಮೊಳೆಯಬೇಕಾದದ್ದೇ, ಲೂನಾ ಪುಸ್ತಕವಲ್ಲವೇ! ಆದರೆ ಅದಕ್ಕೂ ಮೊದಲು ವರ್ಷಗಳ ವ್ಯವಹಾರದ ನಂಬಿಕೆ ಇದೆ. ನಡುನಡುವೆ ಪಿ.ಬಿ. ಬರುತ್ತಾನೆ: ನಾಲ್ಕು ಅಡಿ ಎತ್ತರ, ಮೈತುಂಬ ಬಿಳಿ ರೋಮ, ಹಿಮಕರಡಿಯ ಹೋಲಿಕೆ. ಹೆಸರು ಬಂದದ್ದೂ ಅದರಿಂದಲೇ. ಕುಲದಲ್ಲಿ ರಾಕ್ಷಸ, ಕೆಲಸದಲ್ಲಿ ಕೊರಿಯರ್. ಇಡೀ ಮಾಲಿಕೆಯಲ್ಲಿ ನನಗೆ ಅತ್ಯಂತ ಇಷ್ಟವಾದವನು ಇವನೇ.

ನಗರದ ನಡುವೆ ಮಾಯೆಯನ್ನು ತಂದು ನಿಲ್ಲಿಸುವ ಕತೆಗಳು ಗಿಲ್ಮನ್‌ರಿಂದ ಶುರುವಾದದ್ದಲ್ಲ. 1987ರಲ್ಲಿ ಎಮ್ಮಾ ಬುಲ್ ಮಿನಿಯಾಪೊಲಿಸ್ ಊರಿಗೆ ಯಕ್ಷಲೋಕವನ್ನು ಇಳಿಸಿದರು. 1993ರಿಂದ ಲಾರೆಲ್ ಹ್ಯಾಮಿಲ್ಟನ್‌ರ ಅನಿತಾ ಬ್ಲೇಕ್, 1997ರಿಂದ ಟಿ.ವಿ.ಯಲ್ಲಿ ಬಫಿ, 2000ದಲ್ಲಿ ಜಿಮ್ ಬುಚರ್‌ರ ಷಿಕಾಗೊ ಮಾಂತ್ರಿಕ ಹ್ಯಾರಿ ಡ್ರೆಸ್ಡನ್. ಒಬ್ಬಳು ರಕ್ತಪಿಶಾಚಿಗಳನ್ನು ಕೊಲ್ಲುವವಳು, ಇನ್ನೊಬ್ಬ ಪತ್ತೇದಾರ, ಎಲ್ಲರೂ ಒಂದಲ್ಲ ಒಂದು ರೀತಿಯ ಪೊಲೀಸರು. ಪೆಂಗ್ವಿನ್ ಸಮೂಹದ ‘ರಾಕ್’ ವಿಭಾಗದಲ್ಲಿ ಸಂಪಾದಕಿಯಾಗಿ ಇಂಥ ಹಸ್ತಪ್ರತಿಗಳನ್ನು ತಿದ್ದಿ ಪಳಗಿದ್ದ ಗಿಲ್ಮನ್ ಕಾದಂಬರಿಗೆ ಕೂತಾಗ ಆರಿಸಿಕೊಂಡದ್ದು ಕಳ್ಳಿಯನ್ನು.

ಅವರ ನಿಜವಾದ ಜಾಣತನ ಮಾತ್ರ ಬೇರೆ ಕಡೆ ಇದೆ. ರೆನ್‌ಳ ಲೋಕದಲ್ಲಿ ಮಂತ್ರಶಕ್ತಿ ಎಂದರೆ ಕರೆಂಟ್. ಉಪಮೆಯಲ್ಲ, ವಿದ್ಯುತ್ತಿನ ಜೊತೆಜೊತೆಗೇ ಹರಿಯುವ, ವಿದ್ಯುತ್ತಿನಂತೆಯೇ ವರ್ತಿಸುವ ಶಕ್ತಿ. ಸಿಡಿಲಿನಿಂದ ಅದನ್ನು ಹೀರಿಕೊಳ್ಳಬಹುದು, ತಂತಿಯಿಂದಲೂ ಹೀರಿಕೊಳ್ಳಬಹುದು. ಒಳಗೆ ಕೂಡಿಟ್ಟುಕೊಳ್ಳಬಹುದು, ಖರ್ಚಾದರೆ ಮತ್ತೆ ತುಂಬಿಕೊಳ್ಳಬೇಕು. ಡ್ರೆಸ್ಡನ್ ಹತ್ತಿರ ಬಂದರೂ ಯಂತ್ರಗಳು ಕೆಡುತ್ತವೆ, ನಿಜ. ಆದರೆ ಅಲ್ಲಿ ಮಂತ್ರಕ್ಕೂ ಯಂತ್ರಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ. ಇಲ್ಲಿ ಎರಡೂ ಒಂದೇ ವಂಶದವು, ಅದಕ್ಕೇ ಯಂತ್ರ ಸುಡುತ್ತದೆ. ರೆನ್ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ, ಕಂಪ್ಯೂಟರ್ ಹತ್ತಿರ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ. ಈ ಲೋಕದ ಮಾಂತ್ರಿಕರಿಗೆ ಮೂಲಪುರುಷ ಬೆಂಜಮಿನ್ ಫ್ರಾಂಕ್ಲಿನ್! 1752ರಲ್ಲಿ ಬಿರುಗಾಳಿಯೊಳಗೆ ಗಾಳಿಪಟ ಹಾರಿಸಿದವನು ಅವರ ಪಾಲಿಗೆ ಬರೀ ವಿಜ್ಞಾನಿಯಲ್ಲ, ತಮ್ಮವನೇ.

ಈ ಎಳೆ ಹಿಡಿದು ನಾನು ಎಷ್ಟು ದೂರ ಹೋದರೂ ತೃಪ್ತಿಯಾಗಿಲ್ಲ. ಫ್ರಾಂಕ್ಲಿನ್‌ನ ಮರುವರ್ಷವೇ, 1753ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರೊಫೆಸರ್ ಗೇಯೊರ್ಗ್ ರಿಷ್‌ಮನ್ ಅಂಥದೇ ಪ್ರಯೋಗಕ್ಕೆ ನಿಂತ. ಮನೆಯ ಮೇಲೆ ಕಬ್ಬಿಣದ ಸಲಾಕೆ, ಅದರಿಂದ ಒಳಕ್ಕೆ ತಂತಿ, ತಂತಿಯ ತುದಿಯಲ್ಲಿ ಅಳತೆಯ ಉಪಕರಣ. ಅಳತೆ ನೋಡಲು ಬಗ್ಗಿದವನು ಸಿಡಿಲು ಬಡಿದು ಅಲ್ಲೇ ಸತ್ತ. ಹಣೆಯ ಮೇಲೊಂದು ಕೆಂಪು ಕಲೆ ಉಳಿದಿತ್ತು. ರೆನ್‌ಳ ಲೋಕದಲ್ಲಿ ಅತಿಯಾಗಿ ಕರೆಂಟ್ ಹೀರಿದವರಿಗೆ ಸಾವಿಗಿಂತ ಕೆಟ್ಟದ್ದು ಬರುತ್ತದೆ, ಬುದ್ಧಿ ಸುಟ್ಟುಹೋಗುತ್ತದೆ. ಅಂಥವರು ಊರು ಬಿಟ್ಟು ಎಲ್ಲೋ ಒಂಟಿಯಾಗಿ, ಹತ್ತಿರ ಬಂದವರಿಗೆ ಅಪಾಯವಾಗಿ ಬದುಕುತ್ತಾರೆ.

ಇನ್ನು ವೋಲ್ಫ್‌ಗಾಂಗ್ ಪೌಲಿಯ ಮಾತು. 1945ರ ನೊಬೆಲ್ ಪಡೆದ ಈ ಭೌತವಿಜ್ಞಾನಿ ಕಾಲಿಟ್ಟಲ್ಲಿ ಪ್ರಯೋಗಾಲಯದ ಸಾಮಾನು ಕೆಡುತ್ತದೆ ಎಂಬ ಮಾತು ಅವನ ಗೆಳೆಯರಲ್ಲಿ ಎಷ್ಟು ಗಟ್ಟಿಯಾಗಿತ್ತೆಂದರೆ ಅದಕ್ಕೆ ‘ಪೌಲಿ ಪರಿಣಾಮ’ ಎಂದೇ ಹೆಸರಿಟ್ಟರು. ಹ್ಯಾಂಬರ್ಗಿನ ಓಟೊ ಸ್ಟರ್ನ್ ಸ್ನೇಹಿತನಾಗಿದ್ದೂ ಅವನನ್ನು ತನ್ನ ಪ್ರಯೋಗಾಲಯದೊಳಗೆ ಬಿಡುತ್ತಿರಲಿಲ್ಲವಂತೆ. ಗಟಿಂಗೆನ್ನಿನಲ್ಲಿ ಜೇಮ್ಸ್ ಫ್ರಾಂಕ್‌ನ ಉಪಕರಣವೊಂದು ಕಾರಣವಿಲ್ಲದೆ ಹಾಳಾಯಿತು. ಪೌಲಿ ಊರಲ್ಲಿರಲಿಲ್ಲ. ವಿಚಾರಿಸಿದರೆ, ಕೋಪನ್‌ಹೇಗನ್ನಿಗೆ ಹೊರಟಿದ್ದ ಅವನ ರೈಲು ಅದೇ ಹೊತ್ತಿನಲ್ಲಿ ಗಟಿಂಗೆನ್ ನಿಲ್ದಾಣದಲ್ಲಿ ನಿಂತಿತ್ತು ಎಂದು ಕತೆ ಹೇಳುತ್ತದೆ. 1950ರಲ್ಲಿ ಅವನು ಪ್ರಿನ್ಸ್‌ಟನ್ನಿನಲ್ಲಿದ್ದಾಗ ಅಲ್ಲಿನ ಸೈಕ್ಲೊಟ್ರಾನ್ ಹೊತ್ತಿ ಉರಿಯಿತು. ಕಾಕತಾಳೀಯ ಎನ್ನಬೇಕು, ನಾನೂ ಹಾಗೆಯೇ ಎನ್ನುತ್ತೇನೆ. ಆದರೆ ಪೌಲಿ ಸ್ವತಃ ಇದನ್ನು ಹಗುರವಾಗಿ ತೆಗೆದುಕೊಂಡಿರಲಿಲ್ಲ. ರಿಟ್ರೀವರ್ಸ್ ಓದಿದ ಯಾರಿಗಾದರೂ ಅವನು ರೆನ್‌ಳ ಬಳಗದವನಾಗಿಯೇ ಕಾಣುತ್ತಾನೆ.

ನ್ಯೂಯಾರ್ಕನ್ನೇ ಆರಿಸಿಕೊಂಡದ್ದೂ ಸರಿಯಾಗಿದೆ. ಎಡಿಸನ್ನನ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ಕೆಳ ಮ್ಯಾನ್‌ಹಟನ್ನಿನಲ್ಲಿ ಶುರುವಾದದ್ದು 1882ರ ಸೆಪ್ಟೆಂಬರ್ 4ರಂದು. ಎಡಿಸನ್ ಹಟ ಹಿಡಿದು ಕೊಟ್ಟ ಡಿ.ಸಿ. ಕರೆಂಟನ್ನು ಲೋಕವೆಲ್ಲ ಕೈಬಿಟ್ಟ ಮೇಲೂ ಈ ನಗರ ಬಿಟ್ಟಿರಲಿಲ್ಲ. ಹಳೆಯ ಕಟ್ಟಡಗಳ ಲಿಫ್ಟುಗಳಿಗೆ ಅದು ಬೇಕಿತ್ತು. ಕೊನೆಯ ಸಂಪರ್ಕವನ್ನು ಪೂರ್ವ 40ನೇ ಬೀದಿಯಲ್ಲಿ ಕಡಿದದ್ದು 2007ರ ನವೆಂಬರ್ 14ರಂದು. ರೆನ್‌ಳ ನಾಲ್ಕನೆಯ ಪುಸ್ತಕ ಹೊರಬಂದ ವರ್ಷವೇ ಅದು. ನಮಗೂ ಈ ವಂಶದ ಋಣವಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರಿಸಿದ ವಿದ್ಯುತ್ ಸಲಕರಣೆ ಬಂದದ್ದು ಎಡಿಸನ್ನನ ಕಂಪನಿಯಿಂದ ಬೆಳೆದ ಜನರಲ್ ಎಲೆಕ್ಟ್ರಿಕ್‌ನಿಂದ.

ಇಷ್ಟೆಲ್ಲ ಹೇಳಿದ ಮೇಲೆ ಶರ್ವಿಲಕನನ್ನು ಬಿಟ್ಟರೆ ನನಗೆ ಸಮಾಧಾನವಿಲ್ಲ. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಚಾರುದತ್ತನ ಮನೆಗೆ ಕನ್ನ ಹಾಕುವ ಶರ್ವಿಲಕ, ನಾನು ಓದಿದ ಕಳ್ಳರಲ್ಲೆಲ್ಲ ಕಸುಬನ್ನು ಅತಿ ಹೆಚ್ಚು ಪ್ರೀತಿಸಿದವನು. ಕನ್ನದ ಆಕಾರ ಅರಳಿದ ತಾವರೆಯಂತಿರಲೇ, ಬಾಲಚಂದ್ರನಂತೆಯೇ, ಪೂರ್ಣಕುಂಭದಂತೆಯೇ ಎಂದು ಗೋಡೆಯ ಮುಂದೆ ನಿಂತು ಯೋಚಿಸುತ್ತಾನೆ. ಬೆಳಗಾದ ಮೇಲೆ ಊರವರು ನೋಡಿ ಮೆಚ್ಚಬೇಕಲ್ಲ! ಅಳತೆದಾರ ಮರೆತು ಬಂದದ್ದಕ್ಕೆ ಜನಿವಾರವನ್ನೇ ಬಳಸುತ್ತಾನೆ. ಮೈಗೆ ಹಚ್ಚಿಕೊಂಡರೆ ಕಾವಲುಗಾರರ ಕಣ್ಣಿಗೆ ಕಾಣದಂತೆ ಮಾಡುವ ‘ಯೋಗರೋಚನೆ’ ಎಂಬ ಲೇಪವನ್ನು ಗುರುವಿನಿಂದ ಪಡೆದಿದ್ದಾನೆ. ಒಳಗೆ ದೀಪ ಉರಿಯುತ್ತಿದ್ದರೆ ಅದಕ್ಕೊಂದು ಹುಳ ಸಾಕಿದ್ದಾನೆ. ಬಿಟ್ಟರೆ ಹಾರಿಹೋಗಿ ರೆಕ್ಕೆಯಿಂದ ದೀಪ ಆರಿಸುತ್ತದೆ. ಸಾವಿರಕ್ಕೂ ಹೆಚ್ಚು ವರ್ಷದ ಆಚೀಚೆ ಶರ್ವಿಲಕ, ರೆನ್ ಇಬ್ಬರೂ ಮೊದಲು ಕೈಹಾಕುವುದು ಬೆಳಕಿಗೇ. ಗಿರೀಶ್ ಕಾರ್ನಾಡರು ಇದೇ ನಾಟಕವನ್ನು 1984ರಲ್ಲಿ ಹಿಂದಿಯಲ್ಲಿ ‘ಉತ್ಸವ್’ ಮಾಡಿದಾಗ ಈ ಕಳ್ಳನ ಪಾತ್ರ ಕೊಟ್ಟದ್ದು ನಮ್ಮ ಶಂಕರ್ ನಾಗ್‌ಗೆ. ರೆನ್‌ಳನ್ನು ಓದುವಾಗೆಲ್ಲ ನನಗೆ ಶಂಕರ್ ನಾಗ್ ಕಣ್ಣ ಮುಂದೆ ಬರುವುದು ಇದೇ ಕಾರಣಕ್ಕೆ.

ಇಬ್ಬರಿಗೂ ಒಂದು ವ್ಯತ್ಯಾಸವಿದೆ, ಅದು ದೊಡ್ಡದು. ಶರ್ವಿಲಕ ಕದಿಯುವುದು ದಾಸಿಯಾಗಿರುವ ಮದನಿಕೆಯನ್ನು ಬಿಡಿಸಿಕೊಳ್ಳಲು. ಅವನ ಲೇಪ ಕೆಲಸ ಮುಗಿದ ಮೇಲೆ ತೊಳೆದರೆ ಹೋಗುತ್ತದೆ. ರೆನ್‌ಳ ಗುಣ ತೊಳೆದರೆ ಹೋಗುವುದಲ್ಲ. ಶಾಲೆಯಲ್ಲಿ ಯಾರ ಗಮನಕ್ಕೂ ಬಾರದೆ ಬೆಳೆದ ಆ ಹುಡುಗಿಯೊಳಗೆ ಇರುವುದನ್ನು ಗುರುತಿಸಿದವರು ಒಬ್ಬರೇ ಮೇಷ್ಟ್ರು, ಜಾನ್ ಎಬೆನೀಝರ್. ಆಕೆಯ ಬಾಯಲ್ಲಿ ‘ನೀಝರ್’. ಕಲಿಸಬೇಕಾದ್ದನ್ನೆಲ್ಲ ಕಲಿಸಿದರು. ತಮಗೂ ಬುದ್ಧಿ ಸುಡುವ ಕಾಲ ಬಂತೆಂದು ತಿಳಿದಾಗ, ಶಿಷ್ಯೆಗೆ ತಮ್ಮಿಂದಲೇ ಅಪಾಯವಾದೀತೆಂದು ಬಿಟ್ಟುಹೋದರು. ಲೋಕದಲ್ಲಿ ತನ್ನನ್ನು ಸರಿಯಾಗಿ ನೋಡಿದ್ದ ಏಕೈಕ ಮನುಷ್ಯ ಹೊರಟುಹೋದ ಈ ಸಂಗತಿಯನ್ನು ಗಿಲ್ಮನ್ ಹೆಚ್ಚು ಅಳಿಸದೆ ಹೇಳುತ್ತಾರೆ. ಆರೂ ಪುಸ್ತಕಗಳಲ್ಲಿ ನನ್ನನ್ನು ತಟ್ಟಿದ ಜಾಗ ಅದೇ.

ನನ್ನ ಅಸಮಾಧಾನ ಮೂರನೆಯ ಪುಸ್ತಕದಿಂದ ಶುರು. ಎರಡನೆಯದು, ‘ಕರ್ಸ್ ದ ಡಾರ್ಕ್’ (2005), ಇನ್ನೂ ಕಳ್ಳತನದ ಕತೆಯೇ. ಓದಿದವರೆಲ್ಲ ಕಾಣೆಯಾಗುವ ಹಸ್ತಪ್ರತಿಯೊಂದನ್ನು ಹುಡುಕಿಕೊಂಡು ರೆನ್ ಇಟಲಿಗೆ ಹೋಗುತ್ತಾಳೆ. ಓದದೆ ಕದಿಯಬೇಕಾದ ಪುಸ್ತಕ! ಇಂಥ ಕೆಲಸ ಇನ್ನೂ ನಾಲ್ಕು ಕೊಟ್ಟಿದ್ದರೆ ಸಂತೋಷದಿಂದ ಓದುತ್ತಿದ್ದೆ. ಆದರೆ ‘ಬ್ರಿಂಗ್ ಇಟ್ ಆನ್’ (2006), ‘ಬರ್ನಿಂಗ್ ಬ್ರಿಡ್ಜಸ್’ (2007), ‘ಫ್ರೀ ಫಾಲ್’ (2008) ಮೂರರಲ್ಲೂ ರಾಜಕೀಯ ಮೇಲೆದ್ದು ಕೂರುತ್ತದೆ. ಮಾಂತ್ರಿಕರ ಮಂಡಳಿ ಒಂದು ಕಡೆ, ಅದಕ್ಕೆ ತಲೆಬಾಗದ ಒಂಟಿ ಮಾಂತ್ರಿಕರು ಇನ್ನೊಂದು ಕಡೆ, ಪಿ.ಬಿ.ಯಂಥ ಮನುಷ್ಯರಲ್ಲದವರನ್ನು ಬೀದಿಯಲ್ಲಿ ಹೊಡೆಯುವ ಗುಂಪುಗಳು, ಹಿಂದೆ ಸೆರ್ಗೆ ಕೆಲಸ ಮಾಡಿದ್ದ ‘ಸೈಲೆನ್ಸ್’ ಎಂಬ ಗುಪ್ತ ಸಂಸ್ಥೆ. ಸಭೆ, ಒಪ್ಪಂದ, ದ್ರೋಹ, ಮತ್ತೆ ಸಭೆ. ಕೆಲವು ಕಡೆ ನಾನು ಪುಟ ಹಾರಿಸಿದೆ.

ಆದರೂ ಅದರೊಳಗೊಂದು ನ್ಯಾಯವಿದೆ ಎಂದು ಎರಡನೆಯ ಓದಿನಲ್ಲಿ ಅನ್ನಿಸಿತು. ತನ್ನ ಗೆಳೆಯನ ಕುಲದವರ ಮೇಲೆ ಕೈ ಎತ್ತಿದಾಗ ರೆನ್ ಮರೆಯಲ್ಲಿ ನಿಲ್ಲಲಾರದೆ ಮುಂದೆ ಬರುತ್ತಾಳೆ. ಜನ ಆಕೆಯ ಹೆಸರು ಹಿಡಿದು ಮಾತಾಡತೊಡಗುತ್ತಾರೆ, ಆಕೆಯ ಮಾತಿಗೆ ಕಾಯುತ್ತಾರೆ. ಕಳ್ಳಿಗೆ ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ? ಮುಂದಾಳಾಗುತ್ತಾ ಹೋದಂತೆ ಕಸುಬು ಕೈಬಿಡುತ್ತಾ ಹೋಗುವುದನ್ನು ಆಕೆಯೂ ಬಲ್ಲಳು. ಯಾರೂ ನೋಡದ ಹುಡುಗಿ ಎಲ್ಲರೂ ನೋಡುವ ಹೆಂಗಸಾಗುವುದನ್ನು ಬೇರೆ ಲೇಖಕರು ಗೆಲುವಾಗಿ ಬರೆಯುತ್ತಿದ್ದರು, ಗಿಲ್ಮನ್ ಅದನ್ನು ತೆತ್ತ ಬೆಲೆಯಾಗಿ ಬರೆದಿದ್ದಾರೆ.

2009ರ ‘ಬ್ಲಡ್ ಫ್ರಮ್ ಸ್ಟೋನ್’ನಲ್ಲಿ ಯುದ್ಧ ಮುಗಿದು ರೆನ್ ತನ್ನ ದಂಧೆಗೆ ಮರಳುತ್ತಾಳೆ, ಕತೆಯೂ ಮತ್ತೆ ಚುರುಕಾಗುತ್ತದೆ. ಅಲ್ಲಿಗೆ ಆಕೆಯ ಮಾಲಿಕೆ ಮುಗಿಯಿತು. 2010ರ ‘ಹಾರ್ಡ್ ಮ್ಯಾಜಿಕ್’ನಿಂದ ಗಿಲ್ಮನ್ ಅದೇ ಲೋಕದ ಬಾನಿ ಟೊರೆಸ್‌ಳನ್ನು ಮುಂದೆ ತಂದರು. ಕರೆಂಟಿನ ಜಾಡು ಹಿಡಿದು ಮಾಂತ್ರಿಕರ ಅಪರಾಧಗಳನ್ನು ಪತ್ತೆಮಾಡುವ ತಂಡದಲ್ಲಿ ಬಾನಿಯ ಕೆಲಸ. ನಾಲ್ಕು ಪುಸ್ತಕಗಳಾದವು, ಚೆನ್ನಾಗಿಯೂ ಇವೆ, ಬಾನಿ ಗೆಲುವಿನ ಹುಡುಗಿ. ಆದರೆ ಅವಳು ಪತ್ತೇದಾರಳು, ಕಾನೂನಿನ ಕಡೆಯವಳು. ಹೊಸದಾಗಿ ಓದುವವರಿಗೆ ನಾನು ಹೇಳುವುದು ‘ಸ್ಟೇಯಿಂಗ್ ಡೆಡ್’ ಮತ್ತು ‘ಕರ್ಸ್ ದ ಡಾರ್ಕ್’ ಎರಡನ್ನೂ ಬಿಡದೆ ಒಟ್ಟಿಗೆ ಓದಿ ಎಂದು. ಆಮೇಲಿನ ರಾಜಕೀಯವನ್ನು ಪಿ.ಬಿ.ಗೋಸ್ಕರ ಸಹಿಸಿಕೊಳ್ಳಬಹುದು.