ಬೆನ್ನಿನಲ್ಲಿ ಬೀಗವಿರುವ ಚಾಕು

ಅಮೆರಿಕದಲ್ಲಿ ಬೇಟೆ ಸಾಮಾನು ಮಾರುವ ಅಂಗಡಿಗಳ ಗಾಜಿನ ಪೆಟ್ಟಿಗೆಯಲ್ಲಿ ಎದ್ದು ಕಾಣುವ ಒಂದು ಚಾಕು ಇದೆ. ಎರಡೂ ತುದಿಗೆ ಹಿತ್ತಾಳೆ, ನಡುವೆ ಕರಿಮರದ ಹಿಡಿ, ಜೊತೆಗೆ ಸೊಂಟಪಟ್ಟಿಗೆ ಸಿಗಿಸಿಕೊಳ್ಳುವ ಚರ್ಮದ ಒರೆ. ಬಕ್ ಕಂಪನಿಯ ‘ಫೋಲ್ಡಿಂಗ್ ಹಂಟರ್’, ಮಾದರಿ ಸಂಖ್ಯೆ 110. 1964ರಲ್ಲಿ ಮಾರುಕಟ್ಟೆಗೆ ಬಂದ ಇದರ ರೂಪ ಇವತ್ತಿಗೂ ಹೆಚ್ಚು ಬದಲಾಗಿಲ್ಲ. ಬೇಟೆಗೆ ಮಡಿಚುವ ಚಾಕು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಮುಂದಿಟ್ಟುಕೊಂಡು ಮಾತು ಶುರುಮಾಡುತ್ತೇನೆ. ಇದರ ಗುಣಗಳಿಂದಲೂ ಕಲಿಯಬಹುದು, ಕುಂದುಗಳಿಂದಲೂ ಕಲಿಯಬಹುದು.

ಮೊದಲು ಕೆಲಸ ಏನೆಂದು ತಿಳಿಯಬೇಕು. ಅಲ್ಲಿ ಆಯಾ ರಾಜ್ಯ ಸರ್ಕಾರ ಗೊತ್ತುಮಾಡಿದ ಋತುವಿನಲ್ಲಿ, ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುತ್ತಾರೆ. ಪ್ರಾಣಿ ಸತ್ತ ಮೇಲೂ ಚರ್ಮ, ಕೂದಲಿನ ಹೊದಿಕೆಯೊಳಗೆ ಮೈಯ ಕಾವು ಹಾಗೇ ಉಳಿಯುತ್ತದೆ, ಮಾಂಸ ಬೇಗ ಕೆಡುತ್ತದೆ. ಆದ್ದರಿಂದ ಬಿದ್ದ ಜಾಗದಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಯಬೇಕು, ಆಮೇಲೆ ಚರ್ಮ ಸುಲಿಯಬೇಕು, ಕೀಲು ಬಿಡಿಸಬೇಕು. ಹೊಟ್ಟೆ ಸೀಳುವಾಗ ಮೊನೆ ಕರುಳಿಗೆ ತಾಗಿದರೆ ಒಳಗಿನದೆಲ್ಲ ಚೆಲ್ಲಿ ಮಾಂಸ ಹಾಳು. ಸುಲಿಯುವಾಗ ಅಲಗಿನ ಬಾಗಿದ ಭಾಗ ಬೇಕು. ಕೀಲಿನ ಸಂದಿಗೆ ಮೊನೆ ತೂರಿಸಿ ತಿರುವುವಾಗ ಬಲ ಬೇಕು. ಈ ಮೂರೂ ಕೆಲಸಕ್ಕೆ ಉದ್ದದ ಕತ್ತಿ ಬೇಡ. ಮೂರರಿಂದ ನಾಲ್ಕು ಇಂಚಿನ ಅಲಗು ಸಾಕು. ಸಿನಿಮಾದಲ್ಲಿ ಕಾಣುವ ಮೊಣಕೈಯುದ್ದದ ಚಾಕುಗಳು ಪ್ರಾಣಿಯ ಹೊಟ್ಟೆಯೊಳಗೆ ಕೈಹಾಕಿ ಕೆಲಸ ಮಾಡುವವನಿಗೆ ಅಡ್ಡಿಯೇ ಹೊರತು ಸಹಾಯವಲ್ಲ.

ತೊಂದರೆ ಇದ್ದದ್ದು ಮಡಿಚುವುದರಲ್ಲಿ. ಹಳೆಯ ಜೇಬುಚಾಕುಗಳಲ್ಲಿ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುತ್ತಿದ್ದದ್ದು ಒಂದು ಸ್ಪ್ರಿಂಗಿನ ಒತ್ತಡ ಮಾತ್ರ. ಹಣ್ಣು ಹೆಚ್ಚಲು, ಹಗ್ಗ ಕತ್ತರಿಸಲು ಅಷ್ಟು ಸಾಕು. ಆದರೆ ಕೀಲಿನೊಳಗೆ ಮೊನೆ ಸಿಕ್ಕಿಕೊಂಡು, ಅಲಗಿನ ಬೆನ್ನಿನ ಕಡೆಯಿಂದ ಒತ್ತಡ ಬಿತ್ತೆಂದರೆ ಅದು ಬೆರಳುಗಳ ಮೇಲೆಯೇ ಮಡಿಚಿಕೊಳ್ಳುತ್ತದೆ. ಅದಕ್ಕೇ ಬೇಟೆಗಾರರು ಮಡಿಚದ ಚಾಕುವನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೋಗುತ್ತಿದ್ದರು.

ಈ ತೊಡಕನ್ನು ಬಿಡಿಸಿದ ಮನೆತನದ ಕಥೆ ಕಮ್ಮಾರಸಾಲೆಯಿಂದ ಶುರುವಾಗುತ್ತದೆ. ಕನ್ಸಾಸ್‌ನಲ್ಲಿ ಕಮ್ಮಾರಿಕೆ ಕಲಿಯುತ್ತಿದ್ದ ಹುಡುಗ ಹಾಯ್ಟ್ ಬಕ್, 1902ರ ಸುಮಾರಿಗೆ ಉಕ್ಕಿಗೆ ಹದ ಕೊಡುವ ತನ್ನದೇ ವಿಧಾನ ಕಂಡುಕೊಂಡ. ಸವೆದುಹೋದ ಅರಗಳಿಂದ ಚಾಕು ಮಾಡುತ್ತಿದ್ದ. ಮುಂದೆ ಪಾದ್ರಿಯಾದ. ಎರಡನೇ ಮಹಾಯುದ್ಧದ ಹೊತ್ತಿಗೆ ಐಡಹೋದ ಮೌಂಟನ್ ಹೋಮ್ ಎಂಬ ಊರಿನಲ್ಲಿದ್ದ ಆತ, ಸೈನಿಕರಿಗೆ ಚಾಕು ಬೇಕೆಂಬ ಕರೆ ಬಂದಾಗ ಚರ್ಚಿನ ನೆಲಮಾಳಿಗೆಯಲ್ಲೇ ಕುಲುಮೆ ಹೂಡಿದ. 1947ರಲ್ಲಿ ಸ್ಯಾನ್ ಡಿಯಾಗೋಗೆ ಬಂದು ಮಗ ಆಲ್ ಜೊತೆ ಕಸುಬು ಶುರುಮಾಡಿದ. ಎರಡು ವರ್ಷಕ್ಕೆ ತೀರಿಕೊಂಡ. ಕಸುಬನ್ನು ಮುಂದುವರಿಸಿದ ಆಲ್, 1961ರಲ್ಲಿ ಅದನ್ನು ಕಂಪನಿಯಾಗಿ ಮಾಡಿದ. ಮೂರು ವರ್ಷದ ನಂತರ ಬಂದದ್ದೇ 110.

ಅದರ ಜಾಣ್ಮೆ ಇರುವುದು ಹಿಡಿಯ ಬೆನ್ನಿನಲ್ಲಿ. ಅಲ್ಲಿ ಉದ್ದಕ್ಕೂ ಒಂದು ಉಕ್ಕಿನ ಪಟ್ಟಿ, ನಡುವಿನ ಕೀಲಿನ ಮೇಲೆ ಏತದಂತೆ ಆಡುತ್ತದೆ. ಅಲಗು ಪೂರ್ತಿ ತೆರೆದ ಕೂಡಲೇ ಪಟ್ಟಿಯ ಮುಂದಿನ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಟಕ್ಕೆಂದು ಕೂರುತ್ತದೆ. ಹಿಂಭಾಗದ ಸ್ಪ್ರಿಂಗ್ ಅದನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಮುಚ್ಚಬೇಕಾದರೆ ಹಿಡಿಯ ತುದಿಯಲ್ಲಿ ಬೆರಳಿಟ್ಟು ಒತ್ತಬೇಕು. ಬೆನ್ನಿನ ಬೀಗ ಬಕ್ ಮನೆತನದವರೇ ಹುಟ್ಟುಹಾಕಿದ್ದಲ್ಲ, ಮೊದಲೂ ಇತ್ತು. ಆದರೆ ಮಡಿಚದ ಚಾಕುವಿನ ಕೆಲಸವನ್ನೆಲ್ಲ ತಡೆಯುವಷ್ಟು ದಪ್ಪ, ಗಟ್ಟಿ ಮಾಡಿ ಅದನ್ನು ಸಾಮಾನ್ಯ ಬೇಟೆಗಾರನ ಕೈಗೆ ಕೊಟ್ಟದ್ದು ಇವರ ಸಾಧನೆ. ಎಷ್ಟು ಕಂಪನಿಗಳು ಇದರ ನಕಲು ಮಾಡಿದವೆಂದರೆ, ಅಮೆರಿಕದಲ್ಲಿ ಯಾರು ಮಾಡಿದ ಬೀಗದ ಚಾಕುವನ್ನಾದರೂ ‘ಬಕ್ ನೈಫ್’ ಎಂದು ಕರೆಯುವವರಿದ್ದಾರೆ.

ಉಕ್ಕಿನ ವಿಷಯದಲ್ಲಿ ಕೊಳ್ಳುವವರು ಹೆಸರು, ಸಂಖ್ಯೆಗಳಿಗೆ ಮರುಳಾಗುವುದು ಹೆಚ್ಚು. ಮೊದಲು 110ಕ್ಕೆ ಬಳಸುತ್ತಿದ್ದದ್ದು 440ಸಿ ಎಂಬ ಉಕ್ಕು. ಅದರಲ್ಲಿ ಇಂಗಾಲ ಶೇಕಡ ಒಂದರ ಆಸುಪಾಸು. ಹರಿತ ಬಹಳ ಹೊತ್ತು ನಿಲ್ಲುತ್ತಿತ್ತು, ಆದರೆ ಮೊಂಡಾದ ಮೇಲೆ ಸಾಣೆಗೆ ಸುಲಭವಾಗಿ ಬಗ್ಗುತ್ತಿರಲಿಲ್ಲ. ಈಗಿನ ಸಾಮಾನ್ಯ 110ರಲ್ಲಿರುವುದು 420ಎಚ್‌ಸಿ. ಇಂಗಾಲ ಅದರ ಅರ್ಧದಷ್ಟು. ಕಾಗದದ ಮೇಲೆ ಅಗ್ಗದ ಉಕ್ಕು. ಆದರೆ ಪಾಲ್ ಬೋಸ್ ಎಂಬ ಹದಗಾರ ರೂಪಿಸಿದ ಕ್ರಮದಲ್ಲಿ, ಕಾಯಿಸಿ ತಣಿಸಿ, ಶೂನ್ಯಕ್ಕಿಂತ ಬಹಳ ಕೆಳಗಿನ ಶೀತಕ್ಕೂ ಒಡ್ಡಿ, ಮತ್ತೆ ಕಾಯಿಸಿ ಹದಮಾಡುವುದರಿಂದ ಅದರ ಗಡಸುತನ ರಾಕ್‌ವೆಲ್ ಅಳತೆಯಲ್ಲಿ 58ರ ಹತ್ತಿರ ಬರುತ್ತದೆ. ಇದೇ ಉಕ್ಕನ್ನು ಬೇರೆಡೆ ಹದಗೆಟ್ಟ ರೀತಿಯಲ್ಲಿ ಮಾಡಿದರೆ ಒಂದು ಜಿಂಕೆ ಮುಗಿಯುವುದರೊಳಗೆ ಮೊಂಡು. ಹದ ಮುಖ್ಯ, ಹೆಸರಲ್ಲ. ಇನ್ನೂ ದುಬಾರಿಯ ಎಸ್30ವಿ ಉಕ್ಕಿನ 110 ಕೂಡ ಸಿಗುತ್ತದೆ; ಕಾಡಿನಲ್ಲಿ ಸಣ್ಣ ಕಲ್ಲಿನ ಮೇಲೆ ತಾವೇ ಮಸೆದುಕೊಳ್ಳುವವರಿಗೆ 420ಎಚ್‌ಸಿಯೇ ಅನುಕೂಲ ಎಂಬುದು ನನ್ನ ಅಭಿಪ್ರಾಯ.

ಕುಂದುಗಳನ್ನೂ ಹೇಳಬೇಕು. ತೂಕ ಸುಮಾರು 200 ಗ್ರಾಂ. ಮೂರೂಮುಕ್ಕಾಲು ಇಂಚಿನ ಅಲಗಿಗೆ ಇದು ಭಾರವೇ. ಜೇಬಿನಲ್ಲಿಟ್ಟರೆ ಜೋಲುತ್ತದೆ, ಒರೆಯಲ್ಲೇ ಇಡಬೇಕು. ಅಲಗಿನ ಮೇಲಿನ ಸಣ್ಣ ಕಚ್ಚಿಗೆ ಉಗುರು ಸಿಗಿಸಿ ತೆರೆಯಬೇಕಾದ್ದರಿಂದ ಎರಡೂ ಕೈ ಬೇಕು. ಚಳಿಗೆ ಬೆರಳು ಮರಗಟ್ಟಿದಾಗ ಇದು ಕಷ್ಟ. ನುಣುಪಾದ ಮರ, ಹಿತ್ತಾಳೆ ಎರಡೂ ರಕ್ತ, ಕೊಬ್ಬು ಮೆತ್ತಿದಾಗ ಜಾರುತ್ತವೆ. ಮೊನೆ ಚೂಪಾಗಿ ಮೇಲಕ್ಕೆ ಎದ್ದಿರುವುದರಿಂದ ಹೊಟ್ಟೆ ಸೀಳುವಾಗ ಹರಿತವನ್ನು ಮೇಲಕ್ಕೆ ತಿರುಗಿಸಿ, ಮೊನೆಯನ್ನು ಎರಡು ಬೆರಳುಗಳ ನಡುವೆ ಕಾಪಾಡಿಕೊಂಡೇ ಮುಂದುವರಿಯಬೇಕು. ಹೊಸಬರಿಗೆ ಮೊನೆ ತುಸು ಕೆಳಗಿಳಿದ, ಅಗಲ ಹೊಟ್ಟೆಯ ಅಲಗೇ ಸುರಕ್ಷಿತ. ಭಾರ ಬೇಡವೆನ್ನುವವರಿಗೆ ಮೂರು ಇಂಚಿನ ಅಲಗಿನ 112 ಇದೆ. ನೈಲಾನ್ ಹಿಡಿಯ ಹಗುರ 110 ಕೂಡ ಬಂದಿದೆ.

ಮಡಿಚುವ ಚಾಕು ಕೊಂಡವರು ಒಪ್ಪಿಕೊಳ್ಳಲೇಬೇಕಾದ ಹೊರೆ ತೊಳೆಯುವುದು. ಹಿಡಿಯ ಸಂದಿಗೆ ರಕ್ತ, ಕೊಬ್ಬು, ಕೂದಲು ಸೇರಿಕೊಳ್ಳುತ್ತವೆ. ಅದು ಒಣಗಿದರೆ ಬೀಗ ಪೂರ್ತಿ ಕೂರುವುದಿಲ್ಲ, ಅರೆ ಕೂತ ಬೀಗವನ್ನು ನಂಬಿ ಕೆಲಸ ಮಾಡುವುದು ಬೀಗವಿಲ್ಲದ ಚಾಕುವಿಗಿಂತ ಅಪಾಯ. ಅದೇ ದಿನ ಬಿಸಿನೀರು, ಸೋಪು ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಚೆನ್ನಾಗಿ ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಬೇಕು. ಒರೆಯೊಳಗೆ ಒದ್ದೆಯಾಗಿ ಇಟ್ಟರೆ ಹಿತ್ತಾಳೆ ಕಿಲುಬುತ್ತದೆ, ಉಕ್ಕಿಗೂ ಚುಕ್ಕೆ ಬೀಳುತ್ತದೆ.

2005ರಲ್ಲಿ ಕಾರ್ಖಾನೆ ಕ್ಯಾಲಿಫೋರ್ನಿಯಾ ಬಿಟ್ಟು ಐಡಹೋದ ಪೋಸ್ಟ್ ಫಾಲ್ಸ್‌ಗೆ ಹೋಯಿತು. 110 ಈಗಲೂ ಅಲ್ಲೇ ತಯಾರಾಗುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಕಾಡುಪ್ರಾಣಿಗಳ ಶಿಕಾರಿ ಅಪರಾಧ. ನಮ್ಮ ಕಾಡುಗಳ ಸ್ಥಿತಿ ನೋಡಿದರೆ ಅದು ಹಾಗೇ ಇರಬೇಕು. ಬೇಟೆ ಕಾನೂನುಬದ್ಧವಾದ ನಾಡಿನಲ್ಲಿದ್ದು ಇಂಥ ಚಾಕು ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲೇ ಅಲಗನ್ನು ತೆರೆದು, ಬೆರಳುಗಳನ್ನು ಅದರ ದಾರಿಯಿಂದ ದೂರವಿಟ್ಟು ಹಿಡಿದು, ಅಲಗಿನ ಬೆನ್ನನ್ನು ಕೌಂಟರಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಿ; ಅಡ್ಡಡ್ಡ ಅಲ್ಲಾಡಿಸಿಯೂ ನೋಡಿ. ಬೀಗ ಜಾರಿದರೆ, ಅಲಗು ಕುಲುಕಿದರೆ, ಎಂಥ ಒಳ್ಳೆಯ ಉಕ್ಕಾದರೂ ಅದನ್ನು ಕೊಳ್ಳಬೇಡಿ.