ಹಳೆಯ ಕಾಯಿಲೆಯವರೂ ಕೋವಿಡ್ ಲಸಿಕೆಯೂ

ಲಸಿಕೆ ಭಾರತೀಯರಿಗೆ ಹೊಸದಲ್ಲ. ಹಿರಿಯ ತಲೆಮಾರಿನ ಅನೇಕರ ತೋಳಿನ ಮೇಲೆ, ಬಾಲ್ಯದಲ್ಲಿ ದೇವಿ ಹಾಕಿಸಿಕೊಂಡ ಗುರುತನ್ನು ಇಂದಿಗೂ ಕಾಣಬಹುದು. ಆದರೆ ಅಂದಿನ ಲಸಿಕೆಗಳನ್ನು ಬಹುಮಟ್ಟಿಗೆ ಹಾಕುತ್ತಿದ್ದುದು ಆರೋಗ್ಯವಂತರಾದ ಎಳೆಯ ಮಕ್ಕಳಿಗೆ. 2021ರ ಜನವರಿ 16ರಂದು ದೇಶದಲ್ಲಿ ಕೋವಿಡ್ ಲಸಿಕೆಯ ಕಾರ್ಯಕ್ರಮ ಆರಂಭವಾದಾಗ ಈ ಕ್ರಮ ತಲೆಕೆಳಗಾಯಿತು. ವೈದ್ಯಕೀಯ ಸಿಬ್ಬಂದಿಯ ಮತ್ತು ಮುಂಚೂಣಿಯ ಕೆಲಸಗಾರರ ತರುವಾಯ ಸರದಿ ಬಂದದ್ದು ವೃದ್ಧರದು ಮತ್ತು ರೋಗಿಗಳದು. ಹತ್ತಾರು ವರ್ಷಗಳಿಂದ ಸಕ್ಕರೆ ಕಾಯಿಲೆಗೋ ರಕ್ತದೊತ್ತಡಕ್ಕೋ ಸಂಧಿವಾತಕ್ಕೋ ಗುಳಿಗೆ ನುಂಗುತ್ತ ಬಂದ ದೇಹಕ್ಕೆ ಈ ಹೊಸ ಲಸಿಕೆ ಹಿತವೋ ಅಹಿತವೋ ಎಂಬ ಪ್ರಶ್ನೆ ಲಕ್ಷಾಂತರ ಮನೆಗಳಲ್ಲಿ ಎದ್ದಿತು. ಆ ಪ್ರಶ್ನೆ ಇನ್ನೂ ಪೂರ್ತಿಯಾಗಿ ಅಡಗಿಲ್ಲ.

ಗೊಂದಲಕ್ಕೆ ಜನರ ಅಜ್ಞಾನವೊಂದೇ ಕಾರಣವೆನ್ನುವುದು ಅನ್ಯಾಯ. 2021ರ ಜನವರಿಯಲ್ಲಿ ಕೋವ್ಯಾಕ್ಸಿನ್ ತಯಾರಕರು ಹೊರಡಿಸಿದ ಮಾಹಿತಿ ಪತ್ರದಲ್ಲಿ, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಈ ಲಸಿಕೆಯನ್ನು ಪಡೆಯಬಾರದೆಂದು ಸೂಚಿಸಲಾಗಿತ್ತು. ಆರೇ ವಾರ ಕಳೆದು, ಮಾರ್ಚ್ 1ರಂದು, 60 ದಾಟಿದ ಎಲ್ಲರಿಗೂ, 45ರಿಂದ 59 ವರ್ಷದೊಳಗಿನ ರೋಗಿಗಳಿಗೂ ಬಾಗಿಲು ತೆರೆಯಿತು. ಕೇಂದ್ರ ಸರಕಾರ ಪ್ರಕಟಿಸಿದ 20 ಬಗೆಯ ಕಾಯಿಲೆಗಳ ಪಟ್ಟಿಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರೂ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರೂ, ದೀರ್ಘಕಾಲ ಸ್ಟೀರಾಯ್ಡ್ ಗುಳಿಗೆ ಸೇವಿಸುವವರೂ ಸೇರಿದ್ದರು. ಒಂದು ಕಾಗದ ದೂರವಿರಿ ಎಂದಿತು. ಇನ್ನೊಂದು ಮೊದಲು ಬನ್ನಿ ಎಂದಿತು. ರೋಗಿ ಯಾವುದನ್ನು ನಂಬಬೇಕು?

ಸೂಕ್ಷ್ಮವಾಗಿ ನೋಡಿದರೆ ಇಲ್ಲಿರುವುದು ಎರಡು ಬೇರೆ ಬೇರೆ ಮಾತುಗಳು. ಹೊಸ ಲಸಿಕೆಯ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ತೀವ್ರ ರೋಗಿಗಳನ್ನು ಸೇರಿಸಿಕೊಳ್ಳುವುದಿಲ್ಲ. ಆದ್ದರಿಂದ ಅವರ ಬಗ್ಗೆ ಆರಂಭದಲ್ಲಿ ಹೇಳಲು ತಯಾರಕರ ಬಳಿ ಪುರಾವೆ ಕಡಮೆ. "ಅಪಾಯವಿಲ್ಲವೆಂದು ಇನ್ನೂ ತೋರಿಸಿಲ್ಲ" ಎಂಬುದು ಒಂದು. "ಅಪಾಯವಿದೆಯೆಂದು ತೋರಿಬಂದಿದೆ" ಎಂಬುದು ಮತ್ತೊಂದು. ಮೊದಲನೆಯದನ್ನು ಓದಿ ಎರಡನೆಯದೆಂದು ಭಾವಿಸಿದವರು ಬಹಳ ಮಂದಿ. ವಾಸ್ತವವಾಗಿ ಕೋವ್ಯಾಕ್ಸಿನ್‌ನಲ್ಲಿದ್ದುದು ನಿಷ್ಕ್ರಿಯಗೊಳಿಸಿದ ವೈರಾಣು. ಕೋವಿಶೀಲ್ಡ್‌ನಲ್ಲಿದ್ದುದು ದೇಹದೊಳಗೆ ವೃದ್ಧಿಯಾಗಲಾರದಂತೆ ಮಾರ್ಪಡಿಸಿದ ಚಿಂಪಾಂಜಿಯ ಶೀತದ ವೈರಾಣು. ಎರಡರಿಂದಲೂ ಕೋವಿಡ್ ರೋಗ ಹುಟ್ಟುವ ಸಂಭವವಿರಲಿಲ್ಲ. ಹಾಗಾಗಿ ನಿರೋಧಕ ಶಕ್ತಿ ಕುಂದಿದವರ ವಿಷಯದಲ್ಲಿ ವೈದ್ಯರ ಮುಖ್ಯ ಚಿಂತೆ ಲಸಿಕೆ ಕೆಡುಕು ಮಾಡೀತೆಂಬುದಕ್ಕಿಂತ, ಅದು ಸಾಕಷ್ಟು ಫಲ ಕೊಡಲಾರದೇನೋ ಎಂಬುದಾಗಿತ್ತು.

ತಕ್ಕಡಿಯ ಒಂದು ತಟ್ಟೆಯಲ್ಲಿ ಲಸಿಕೆಯನ್ನಿಟ್ಟು ಇನ್ನೊಂದನ್ನು ಖಾಲಿ ಬಿಟ್ಟರೆ ತೂಕ ತಪ್ಪುತ್ತದೆ. ಆ ಇನ್ನೊಂದು ತಟ್ಟೆಯಲ್ಲಿದ್ದುದು ಕೋವಿಡ್ ರೋಗವೇ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿರುವರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆ ಅಂದಾಜು ಮಾಡಿದೆ. 2021ರ ಎರಡನೆಯ ಅಲೆಯಲ್ಲಿ ಕಣ್ಣು, ಮೂಗು, ದವಡೆಗಳನ್ನು ಕೊರೆದ ಕಪ್ಪು ಶಿಲೀಂಧ್ರ ರೋಗ ಹೆಚ್ಚಾಗಿ ಎರಗಿದ್ದು, ಹತೋಟಿ ತಪ್ಪಿದ ಸಕ್ಕರೆಯೊಡನೆ ಸ್ಟೀರಾಯ್ಡ್ ಚಿಕಿತ್ಸೆಯನ್ನೂ ಪಡೆದವರ ಮೇಲೆ. ಲಸಿಕೆಯಿಂದ ಬರುವ ಒಂದೆರಡು ದಿನದ ಜ್ವರದಲ್ಲಿಯೂ ಸಕ್ಕರೆ ತುಸು ಏರಬಹುದು, ನಿಜ. ಆದರೆ ಅದು ಗ್ಲುಕೋಮೀಟರಿನಲ್ಲಿ ನೋಡಿಕೊಂಡು ಸರಿಪಡಿಸಬಹುದಾದ ಏರಿಕೆ.

ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಸೋಂಕು ಇಳಿದಂತೆ ಕಂಡಾಗ "ನಾಲ್ಕು ದಿನ ಕಾದು ನೋಡೋಣ" ಎಂದವರ ವಾದ ಅಸಂಬದ್ಧವಾಗಿರಲಿಲ್ಲ. ಏಪ್ರಿಲ್ ಬರುವಷ್ಟರಲ್ಲಿ ಆಸ್ಪತ್ರೆಗಳಲ್ಲಿ ಹಾಸಿಗೆ ಸಿಗದಾಯಿತು. ಲಸಿಕೆಯ ಫಲವೋ ಚುಚ್ಚಿಸಿಕೊಂಡ ಮರುದಿನವೇ ದೊರೆಯುವುದಲ್ಲ; ಅದಕ್ಕೆ ವಾರಗಳೇ ಬೇಕು. ಕಾಯುವುದೂ ಒಂದು ನಿರ್ಧಾರವೇ ಎಂಬುದನ್ನು, ಅದಕ್ಕೂ ತನ್ನದೇ ಆದ ಅಪಾಯವಿದೆಯೆಂಬುದನ್ನು, ಆ ಎರಡು ತಿಂಗಳು ಕಠೋರವಾಗಿ ತೋರಿಸಿಕೊಟ್ಟವು.

ರಕ್ತ ತೆಳುವಾಗಿಸುವ ಔಷಧಿಗಳ ಪ್ರಶ್ನೆ ಕೇಳಲು ಭಯಾನಕವಾದರೂ ಬಹುತೇಕ ಸರಳವಾಗಿಯೇ ಬಗೆಹರಿಯಿತು. ಹೃದಯದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಸೇವಿಸುತ್ತಾರೆ. ಕೃತಕ ಕವಾಟವಿರುವವರು ವಾರ್ಫರಿನ್ ಅಥವಾ ಅಂಥದೇ ಗುಳಿಗೆ ಸೇವಿಸುತ್ತಾರೆ. ಇಲ್ಲಿನ ಆತಂಕ ಲಸಿಕೆಯದಲ್ಲ, ಸೂಜಿಯದು: ಚುಚ್ಚಿದ ಸ್ನಾಯುವಿನಲ್ಲಿ ರಕ್ತ ಒಸರಿ ಗಂಟು ಕಟ್ಟೀತೆಂಬುದು. ಸಣ್ಣ ಸೂಜಿ ಬಳಸಿ, ಚುಚ್ಚಿದೆಡೆಯನ್ನು ಉಜ್ಜದೆ ಕೆಲವು ನಿಮಿಷ ಬಿಗಿಯಾಗಿ ಒತ್ತಿ ಹಿಡಿದರೆ ಸಾಮಾನ್ಯವಾಗಿ ಅಷ್ಟೇ ಸಾಕು. ವಾರ್ಫರಿನ್ ಸೇವಿಸುವವರು ರಕ್ತಪರೀಕ್ಷೆಯ ಅಂಕಿ ಮಿತಿಯೊಳಗಿದೆಯೆಂದು ನೋಡಿಕೊಳ್ಳಬೇಕು. ಲಸಿಕೆಗಾಗಿ ಈ ಗುಳಿಗೆಗಳನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ನಿಜವಾದ ಅಪಾಯ. ಹೊಸ ಸ್ಟೆಂಟ್ ಮುಚ್ಚಿಹೋಗಲು ಕೆಲವು ದಿನಗಳ ಅಂತರ ಸಾಕು.

ಇದಕ್ಕಿಂತ ಜಟಿಲವಾದದ್ದು ನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಔಷಧಿ ಪಡೆಯುವವರ ಪರಿಸ್ಥಿತಿ. ಸಂಧಿವಾತದಲ್ಲಿ ದೇಹದ ಕಾವಲುಪಡೆ ತನ್ನ ಕೀಲುಗಳ ಮೇಲೆಯೇ ತಿರುಗಿಬೀಳುತ್ತದೆ. ಅದನ್ನು ಅಡಗಿಸಲು ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಕೊಡುತ್ತಾರೆ. ಅಡಗಿಸಿದ ಪಡೆಗೆ ಲಸಿಕೆಯ ಪಾಠ ಚೆನ್ನಾಗಿ ತಲೆಗೆ ಹತ್ತುವುದಿಲ್ಲ. ಹಾಗೆಂದು ಔಷಧಿ ಬಿಟ್ಟರೆ ಕೀಲುನೋವು ಉಲ್ಬಣಿಸುತ್ತದೆ. ಬ್ರಿಟನ್ನಿನಲ್ಲಿ 254 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಇಕ್ಕಟ್ಟನ್ನೇ ಅಳೆದು ನೋಡಿತು. ಬೂಸ್ಟರ್ ಲಸಿಕೆಯಾದ ಬಳಿಕ ಎರಡು ವಾರ ಮೆಥೋಟ್ರೆಕ್ಸೇಟ್ ನಿಲ್ಲಿಸಿದವರಲ್ಲಿ ಪ್ರತಿಕಾಯಗಳು, ನಿಲ್ಲಿಸದವರಲ್ಲಿದ್ದುದರ ಸುಮಾರು ಎರಡರಷ್ಟು ಕಂಡವು. ಕೆಲವರಿಗೆ ನೋವು ಮರುಕಳಿಸಿತಾದರೂ ಹೆಚ್ಚಿನವರು ಅದನ್ನು ಮನೆಯಲ್ಲಿಯೇ ನಿಭಾಯಿಸಿಕೊಂಡರು. ಎರಡು ವಾರದ ನೋವು ಸಹಿಸಬಲ್ಲವನಿಗೆ ಇದು ಲಾಭದ ವ್ಯವಹಾರ. ನೋವು ಕೆರಳಿದರೆ ಹಾಸಿಗೆ ಹಿಡಿಯುವವನಿಗೆ ಅಲ್ಲ. ಒಂದೇ ರೋಗ, ಒಂದೇ ಔಷಧಿ, ಆದರೂ ಉತ್ತರ ಎರಡು!

ರಿಟುಕ್ಸಿಮ್ಯಾಬ್ ಎಂಬ ಇಂಜೆಕ್ಷನ್ ಪಡೆಯುವವರಿಗೆ ಕಾಲವೇ ಮುಖ್ಯ. ಪ್ರತಿಕಾಯ ತಯಾರಿಸುವ ಕಣಗಳ ಮೂಲವನ್ನೇ ಅದು ತಿಂಗಳುಗಟ್ಟಲೆ ಬರಿದು ಮಾಡುವುದರಿಂದ, ಮುಂದಿನ ಸರದಿಗೆ ಕೆಲವು ವಾರ ಮುಂಚೆ ಲಸಿಕೆ ಹಾಕಿಸುವುದು ಮೇಲು. ಅಂಗ ಕಸಿಯಾದವರ ಮಾತಂತೂ ಇನ್ನೂ ಕಷ್ಟದ್ದು. ಅಮೆರಿಕದಲ್ಲಿ ಅಂಥ 658 ಮಂದಿಯನ್ನು ಪರೀಕ್ಷಿಸಿದಾಗ, ಅಲ್ಲಿ ಬಳಕೆಯಲ್ಲಿದ್ದ ಎಂ.ಆರ್.ಎನ್.ಎ. ಲಸಿಕೆಯ ಎರಡು ಡೋಸ್ ಆದ ಮೇಲೂ ನೂರಕ್ಕೆ 46 ಮಂದಿಯಲ್ಲಿ ಪ್ರತಿಕಾಯಗಳೇ ಕಾಣಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಕಸಿ ಔಷಧಿಯನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಕಸಿಯಾದ ಅಂಗವೇ ಹೋದೀತು. ಇವರಿಗೆ ಹೆಚ್ಚುವರಿ ಡೋಸೂ, ಮನೆಮಂದಿಯೆಲ್ಲ ಲಸಿಕೆ ಪಡೆದು ಸುತ್ತ ಕಟ್ಟುವ ಬೇಲಿಯೂ ಎರಡೂ ಬೇಕಾದವು. ಸೊಸೆ ಹಾಕಿಸಿಕೊಂಡ ಲಸಿಕೆ ಮಾವನ ಚಿಕಿತ್ಸೆಯ ಭಾಗವಾಗುವುದು ವೈದ್ಯಶಾಸ್ತ್ರದಲ್ಲಿ ಅಪರೂಪದ ಸಂಗತಿ.

ಆಮೇಲಿನ ಎರಡು ಸುದ್ದಿಗಳು ಲಸಿಕೆ ಪಡೆದವರ ನಿದ್ದೆಗೆಡಿಸಿದವು. ಮೊದಲನೆಯದು 2024ರದು. ಕೋವಿಶೀಲ್ಡ್‌ನ ಮೂಲ ಲಸಿಕೆಯಿಂದ ತೀರ ಅಪರೂಪವಾಗಿ ರಕ್ತ ಹೆಪ್ಪುಗಟ್ಟಿ ಪ್ಲೇಟ್ಲೆಟ್‌ಗಳು ಕುಸಿಯುವ ಸಂಭವವಿದೆಯೆಂದು ಆಸ್ಟ್ರಾಜೆನೆಕಾ ಕಂಪನಿ ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆಯೆಂಬ ಸುದ್ದಿ ಅದು. ಈ ತೊಂದರೆ 2021ರಲ್ಲಿಯೇ ಬಯಲಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಭಾರತದ ರಾಷ್ಟ್ರೀಯ ಸಮಿತಿ ಕೊಟ್ಟ ಲೆಕ್ಕ 10 ಲಕ್ಷ ಡೋಸಿಗೆ 0.61, ಬ್ರಿಟನ್ನಿನಲ್ಲಿ ಪ್ರಮಾಣ ಇದಕ್ಕಿಂತ ಹೆಚ್ಚು. ಅದು ತಲೆದೋರುತ್ತಿದ್ದುದು ಲಸಿಕೆಯಾದ ಮೊದಲ ಕೆಲವು ವಾರಗಳೊಳಗೆ. ಮೂರು ವರ್ಷ ಕಳೆದ ಮೇಲೆ ಸುದ್ದಿ ಓದಿ ಡಿ-ಡೈಮರ್ ಪರೀಕ್ಷೆಗೆ ಧಾವಿಸಿದವರು ಪ್ರಯೋಗಾಲಯಗಳಿಗೆ ಹಣ ಕೊಟ್ಟು ಬಂದರು, ಅಷ್ಟೆ.

ಎರಡನೆಯದು ಹಾಸನದ ಸುದ್ದಿ. 2025ರ ಜೂನ್-ಜುಲೈಯಲ್ಲಿ ಆ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಸಾಲುಸಾಲಾಗಿ ವರದಿಯಾದವು. ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದೆಂದು ಸ್ವತಃ ಮುಖ್ಯಮಂತ್ರಿಯವರೇ ಹೇಳಿದಾಗ ಆತಂಕ ಪರವೂರಿನ ಕನ್ನಡಿಗರ ಮನೆಗಳಿಗೂ ಹಬ್ಬಿದ್ದು ಸಹಜ. ಆದರೆ ರಾಜ್ಯ ಸರಕಾರವೇ ನೇಮಿಸಿದ್ದ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಗೆ ಲಸಿಕೆಗೂ ಅಕಾಲ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 47 ಆಸ್ಪತ್ರೆಗಳಲ್ಲಿ, 18ರಿಂದ 45 ವಯಸ್ಸಿನವರ ಹಠಾತ್ ಮರಣಗಳ ಬಗ್ಗೆ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಲಸಿಕೆ ಈ ಅಪಾಯವನ್ನು ಹೆಚ್ಚಿಸಲಿಲ್ಲವೆಂದಿತು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಿಂದೆ ನಡೆದ ಹಠಾತ್ ಸಾವು, ವಿಪರೀತ ಮದ್ಯಪಾನ ಇವೇ ಅಲ್ಲಿ ಎದ್ದುಕಂಡ ಕಾರಣಗಳು. ಹಾಸನದ ಸುದ್ದಿ ಕೇಳಿ ಲಸಿಕೆಯನ್ನು ಶಪಿಸಿದವರಲ್ಲಿ ಎಷ್ಟು ಮಂದಿ ತಮ್ಮ ರಕ್ತದೊತ್ತಡವನ್ನು ಅಳೆಸಿಕೊಂಡರೋ!

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಇಂದು ಬಹುತೇಕ ಎಲ್ಲರೂ ಲಸಿಕೆಯನ್ನೋ ಸೋಂಕನ್ನೋ ಎರಡನ್ನೂವೋ ಕಂಡವರೇ ಆದ್ದರಿಂದ ತಕ್ಕಡಿಯ ತೂಕವೂ ಬದಲಾಗಿದೆ. ಆರೋಗ್ಯವಂತ ತರುಣನಿಗೆ ಮತ್ತೊಂದು ಡೋಸಿನಿಂದ ಸಿಗುವ ಲಾಭ ಅತ್ಯಲ್ಪ. ತೀರ ವೃದ್ಧರು, ಅಂಗ ಕಸಿಯಾದವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರು ಮಾತ್ರ ಈ ವಿಷಯವನ್ನು ತಮ್ಮ ವೈದ್ಯರೊಡನೆ ಆಗಾಗ ಎತ್ತುವುದು ಒಳಿತು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳ ಮಾತನ್ನೂ ಅದರೊಡನೆಯೇ ಎತ್ತಬಹುದು.

ಇಲ್ಲಿ ಪರವೂರಿನ ಕನ್ನಡಿಗರಿಗೆ ವಿಶೇಷವಾದ ತೊಡಕೊಂದಿದೆ. ಆರು ತಿಂಗಳು ಮುಂಬಯಿಯಲ್ಲಿ ಮಗನ ಮನೆ, ಆರು ತಿಂಗಳು ಊರು ಎಂದು ಓಡಾಡುವ ಹಿರಿಯರಿಗೆ ಎರಡು ಕಡೆ ಇಬ್ಬರು ವೈದ್ಯರು, ಎರಡು ಫೈಲುಗಳು. ಇವರು ಬರೆದ ಔಷಧಿ ಅವರಿಗೆ ತಿಳಿಯದು. ಸೇವಿಸುವ ಔಷಧಿಗಳ ಹೆಸರು ಮತ್ತು ಪ್ರಮಾಣ, ಔಷಧಿಯ ಅಲರ್ಜಿಯೇನಾದರೂ ಇದ್ದರೆ ಅದು, ಹಾಕಿಸಿಕೊಂಡ ಪ್ರತಿಯೊಂದು ಲಸಿಕೆಯ ಹೆಸರು ಮತ್ತು ತಾರೀಖು, ಆಗ ಆದ ತೊಂದರೆ, ಇವಿಷ್ಟನ್ನು ಒಂದೇ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ಬರೆಸಿಟ್ಟುಕೊಂಡರೆ ಎರಡೂ ಕಡೆಯ ವೈದ್ಯರಿಗೆ ಅನುಕೂಲ. ಆ ಹಾಳೆಯನ್ನು ಗುಳಿಗೆಗಳ ಡಬ್ಬಿಯಲ್ಲಿಯೇ ಮಡಿಸಿಡಬೇಕು. ಊರಿಗೆ ಹೊರಡುವಾಗ ಮರೆಯದೆ ಜೊತೆಗೆ ಹೋಗುವ ವಸ್ತು ಅದು.