ಅಜ್ಜಿ ಸೀರೆ, ದಿಂಬು ಮತ್ತು ಸ್ಟ್ರೆಂತ್ ಆಫ್ ಮೆಟೀರಿಯಲ್ಸ್

ಹಳೇ ಸೀರೆಯಿಂದ ದಿಂಬಿನ ಕವರ್ ಮಾಡೋ ವಿಡಿಯೋಗಳು ಯೂಟ್ಯೂಬಲ್ಲಿ ಎಷ್ಟು ಬೇಕೋ ಅಷ್ಟಿವೆ. ಹೆಚ್ಚಿನವುಗಳಲ್ಲಿ ಎರಡನೇ ನಿಮಿಷಕ್ಕೇ ಕತ್ತರಿ ಬಂದುಬಿಡುತ್ತೆ. ಸೀರೆ ಹಾಸು, ಚೌಕ ಎಳೆ, ಕತ್ತರಿಸು, ಹೊಲಿ, ಮುಗೀತು. ಆದರೆ ಮೂವತ್ತು ನಲವತ್ತು ವರ್ಷದ ರೇಷ್ಮೆ ಸೀರೆಗೆ ಹಾಗೆ ಮಾಡಿದರೆ ಆ ದಿಂಬು ಸೋಫಾ ಮೇಲೆ ಕೆಲವೇ ತಿಂಗಳು ಬಾಳುತ್ತೆ. ಆಮೇಲೆ ಮಧ್ಯದಲ್ಲಿ ಉದ್ದಕ್ಕೆ ಒಂದು ಸೀಳು ಬರುತ್ತೆ. ಆಗ ದಿಂಬೂ ಇಲ್ಲ, ಸೀರೆಯೂ ಇಲ್ಲ. ಕತ್ತರಿಸಿದ ಸೀರೆಗೆ ಅನ್‌ಡೂ ಬಟನ್ ಇರಲ್ಲ.

ಯಾಕೆ ಹರಿಯುತ್ತೆ, ಹರಿಯದ ಹಾಗೆ ಮಾಡೋದು ಹೇಗೆ ಅನ್ನೋದು ನಮಗೆ ಆಸಕ್ತಿ ಹುಟ್ಟಿಸಿದ್ದು ಮೂರನೇ ಸೆಮಿಸ್ಟರಿನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಕಾರಣದಿಂದ. ಲ್ಯಾಬಲ್ಲಿ ಯುಟಿಎಂ ಮೆಷಿನ್ನಿಗೆ ಕಬ್ಬಿಣದ ಸರಳು ಹಾಕಿ ಎಳೆದು ಮುರೀತೀವಲ್ಲ, ಅದೇ ಪ್ರಶ್ನೆ ಇಲ್ಲೂ ಇದೆ: ಲೋಡ್ ಎಷ್ಟು, ಅದನ್ನ ಹೊರೋದು ಯಾರು? (ಸೀರೆಯನ್ನೇ ಆ ಮೆಷಿನ್ನಿಗೆ ಹಾಕೋಣ ಅಂತ ಕೇಳುವ ಧೈರ್ಯ ನಮಗೆ ಬರಲಿಲ್ಲ. ಸರ್ ನಮ್ಮನ್ನೇ ಹಾಕಿ ಎಳೀತಿದ್ರು.)

ಮೊದಲು ಬಟ್ಟೆ ಹೇಗೆ ಮುದಿಯಾಗುತ್ತೆ ಅಂತ ನೋಡೋಣ. ಹತ್ತಿ ಅಂದರೆ ಸೆಲ್ಯುಲೋಸ್, ರೇಷ್ಮೆ ಅಂದರೆ ಪ್ರೋಟೀನ್. ಎರಡೂ ಉದ್ದುದ್ದ ಸರಪಳಿಯಂಥ ಅಣುಗಳು. ಬಿಸಿಲು, ಬೆವರು, ತೇವ ಸೇರಿ ವರ್ಷಗಟ್ಟಲೆ ಆ ಸರಪಳಿಗಳನ್ನ ತುಂಡು ಮಾಡುತ್ತಾ ಬರುತ್ತವೆ. ಬಣ್ಣ ಹಾಗೇ ಇರುತ್ತೆ, ಹೊಳಪೂ ಇರುತ್ತೆ, ಶಕ್ತಿ ಮಾತ್ರ ಹೋಗಿರುತ್ತೆ. ಇದರ ಜೊತೆ ಮಡಿಕೆ. ಬೀರುವಿನಲ್ಲಿ ಒಂದೇ ಥರ ಮಡಚಿ ಹತ್ತು ವರ್ಷ ಇಟ್ಟರೆ ಆ ಗೆರೆಯಲ್ಲಿ ಎಳೆಗಳು ಬಾಗಿ ಬಾಗಿ ಸೋತಿರುತ್ತವೆ. ರೇಷ್ಮೆ ಸೀರೆಯನ್ನ ಆಗಾಗ ಬಿಚ್ಚಿ, ಗಾಳಿಯಾಡಿಸಿ, ಬೇರೆ ಕಡೆ ಮಡಚಿ ಇಡು ಅಂತ ಅಜ್ಜಿಯರು ಹೇಳೋದು ಇದಕ್ಕೇ. ನಾವು ಅದನ್ನ ಶಾಸ್ತ್ರ ಅಂದುಕೊಂಡಿದ್ವಿ.

ಹಾಗಾಗಿ ಒಂದೇ ಸೀರೆಯಲ್ಲೂ ಶಕ್ತಿ ಎಲ್ಲ ಕಡೆ ಒಂದೇ ಸಮ ಇರಲ್ಲ. ಕೆಳ ಅಂಚು ಹಿಮ್ಮಡಿಗೆ ತಾಗಿ ಸವೆದಿರುತ್ತೆ. ಫಾಲ್ ಹಚ್ಚಿದ್ದರೆ ಸ್ವಲ್ಪ ಉಳಿದಿರುತ್ತೆ. ಸೊಂಟಕ್ಕೆ ಸಿಕ್ಕಿಸುವ ಮೇಲಂಚು ಬೆವರು ಕುಡಿದಿರುತ್ತೆ. ಭುಜಕ್ಕೆ ಪಿನ್ ಚುಚ್ಚುವ ಜಾಗದಲ್ಲಿ ಸಣ್ಣ ಸಣ್ಣ ತೂತು. ಒಳಗಿನ ಮೊದಲ ಸುತ್ತು ಬಿಸಿಲನ್ನೇ ಕಂಡಿರಲ್ಲ. ಅದರ ನಡುಭಾಗ, ಅಂದರೆ ಎರಡೂ ಅಂಚಿನಿಂದ ದೂರ ಇರುವ ಒಡಲು, ಸಾಮಾನ್ಯವಾಗಿ ಗಟ್ಟಿ.

ಇದನ್ನ ಕಂಡುಹಿಡಿಯೋಕೆ ಮೆಷಿನ್ ಬೇಡ. ಸೀರೆಯನ್ನ ಕಿಟಕಿ ಬೆಳಕಿಗೆ ಹಿಡಿದು ಅಡಿ ಅಡಿಯಾಗಿ ಸರಿಸುತ್ತಾ ಹೋಗಿ. ಎಳೆ ತೆಳುವಾದ ಕಡೆ ಬೆಳಕು ಜಾಸ್ತಿ ಬರುತ್ತೆ. ಆಮೇಲೆ ಎರಡು ಹೆಬ್ಬೆರಳುಗಳನ್ನ ಒಂದಿಂಚು ದೂರದಲ್ಲಿಟ್ಟು ಮೆತ್ತಗೆ ಎಳೆದು ನೋಡಿ, ಮೊದಲು ಹಾಸಿನ ದಿಕ್ಕಿಗೆ, ಆಮೇಲೆ ಹೊಕ್ಕಿನ ದಿಕ್ಕಿಗೆ. ಎರಡೂ ಮುಖ್ಯ, ಯಾಕಂದ್ರೆ ಹಾಸು ಗಟ್ಟಿಯಿದ್ದು ಹೊಕ್ಕು ಸತ್ತಿರೋ ಸೀರೆಗಳು ಎಷ್ಟೋ ಇರುತ್ತವೆ. ಕಿವಿಯೂ ಉಪಯೋಗಕ್ಕೆ ಬರುತ್ತೆ. ಒಳ್ಳೇ ರೇಷ್ಮೆ ಸರಸರ ಅನ್ನುತ್ತೆ, ಸತ್ತ ರೇಷ್ಮೆ ಒಣ ಕಾಗದದ ಥರ ಪರಪರ ಅನ್ನುತ್ತೆ. ಸೋತ ಜಾಗಗಳಿಗೆಲ್ಲ ದಾರದಲ್ಲಿ ಗುರುತು ಹಾಕಿ. ಪೆನ್ನು ಬೇಡ.

ಸೀರೆ ಯಾವುದರದ್ದು ಅಂತ ಅನುಮಾನ ಇದ್ದರೆ ತುದಿಯಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಬಹುದು. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಇದು ಯಾಕೆ ಬೇಕು ಅಂದ್ರೆ ಒಗೆಯೋ ವಿಷಯಕ್ಕೆ. ಹತ್ತಿ ಒದ್ದೆಯಾದಾಗ ಇನ್ನೂ ಗಟ್ಟಿಯಾಗುತ್ತೆ. ರೇಷ್ಮೆ ಒದ್ದೆಯಾದಾಗ ಸೋಲುತ್ತೆ. ರೇಯಾನ್ ಅಂತೂ ತನ್ನ ಶಕ್ತಿಯ ಸುಮಾರು ಅರ್ಧವನ್ನೇ ಕಳಕೊಳ್ಳುತ್ತೆ. ಹಾಗಾಗಿ ಹಳೇ ರೇಷ್ಮೆಯನ್ನ ಬಕೆಟ್ಟಲ್ಲಿ ನೆನೆಸಿ ಹಿಂಡೋದು ಅಂದರೆ ಅದು ಅತ್ಯಂತ ದುರ್ಬಲವಾಗಿರೋ ಹೊತ್ತಲ್ಲೇ ತಿರುಚಿದ ಹಾಗೆ. ಮೈಸೂರು ರೇಷ್ಮೆಯ ಕ್ರೇಪ್ ಸೀರೆ ಆದರೆ ಇನ್ನೊಂದು ತೊಂದರೆ: ಅದರ ನೂಲಿಗೆ ತಿರುವು ತುಂಬ ಜಾಸ್ತಿ, ನೀರು ತಾಗಿದರೆ ಕುಗ್ಗುತ್ತೆ.

ಈಗ ದಿಂಬಿನ ಮೆಕ್ಯಾನಿಕ್ಸ್. ಚೌಕ ದಿಂಬು ಅಂದರೆ ಅಂಚು ಹೊಲಿದ ಎರಡು ಹಾಳೆ, ಒಳಗೆ ಒತ್ತಡ. ತುಂಬಿದಾಗ ನಾಲ್ಕೂ ಬದಿಗಳು ಮಧ್ಯದಲ್ಲಿ ಒಳಕ್ಕೆ ಸರಿಯುತ್ತವೆ, ಮೂಲೆಗಳು ಕಿವಿಯ ಥರ ಹೊರಗೆ ಚಾಚುತ್ತವೆ. ಇಂಥ ಚೀಲದಲ್ಲಿ ಅತಿ ಹೆಚ್ಚು ಎಷ್ಟು ತುಂಬಬಹುದು ಅನ್ನೋದು ಗಣಿತದಲ್ಲಿ ಟೀ ಬ್ಯಾಗ್ ಪ್ರಾಬ್ಲಮ್ ಅಂತಲೇ ಹೆಸರಾದ ಪ್ರಶ್ನೆ, ನೋಡೋಕೆ ಸುಲಭ, ಬಿಡಿಸೋಕೆ ಕಷ್ಟ. ದರ್ಜಿಗಳು ಕಿವಿಯ ಸಮಸ್ಯೆಯನ್ನ ಸುಲಭವಾಗಿ ಬಗೆಹರಿಸಿದ್ದಾರೆ: ಪ್ರತಿ ಬದಿಯ ಮಧ್ಯದಿಂದ ಮೂಲೆ ಕಡೆಗೆ ಹೋಗುತ್ತಾ ಸ್ವಲ್ಪ ಸ್ವಲ್ಪ ಒಳಗೆ ಹೊಲಿದು, ಮೂಲೆಯಲ್ಲಿ ಅರ್ಧ ಇಂಚು ಕಮ್ಮಿ ಮಾಡ್ತಾರೆ. ಕವರ್‌ಗಿಂತ ಒಂದೆರಡು ಇಂಚು ದೊಡ್ಡ ದಿಂಬು ಹಾಕಿ, ಉಬ್ಬಿ ಚಂದ ಕಾಣುತ್ತೆ ಅಂತ ಅಂಗಡಿಯವರು ಹೇಳ್ತಾರೆ. ಹೊಸ ಬಟ್ಟೆಗೆ ಸರಿ. ಹಳೇ ಬಟ್ಟೆಗೆ ಬೇಡವೇ ಬೇಡ. ಒಳಗಿನ ಒತ್ತಡವೆಲ್ಲ ಬಟ್ಟೆ ಮತ್ತು ಹೊಲಿಗೆ ಮೇಲೇ ಬೀಳೋದು. ದಿಂಬು ಸ್ವಲ್ಪ ಸಪ್ಪೆ ಕಂಡರೂ ಪರವಾಗಿಲ್ಲ.

ಇನ್ನು ಮುಖ್ಯ ವಿಷಯ. ಹಳೇ ಸೀರೆಯನ್ನ ಬಲಪಡಿಸೋಕೆ ಆಗಲ್ಲ. ಅದಕ್ಕೆ ಲೋಡ್ ಬೀಳದ ಹಾಗೆ ಮಾಡಬಹುದು, ಅಷ್ಟೇ. ಅಂದರೆ ಹಿಂದೆ ಲೈನಿಂಗ್ ಕೊಡಬೇಕು. ಆದರೆ ಲೈನಿಂಗ್ ಮತ್ತು ಸೀರೆ ಒಂದೇ ಅಳತೆಗೆ ಕತ್ತರಿಸಿ ಹೊಲಿದರೆ ಏನಾಗುತ್ತೆ? ಪ್ಯಾರಲಲ್‌ನಲ್ಲಿರೋ ಎರಡು ಸ್ಪ್ರಿಂಗ್ ನೆನಪಿಸಿಕೊಳ್ಳಿ. ಎರಡೂ ಒಟ್ಟಿಗೇ ಹಿಗ್ಗುತ್ತವೆ, ಗಡಸುತನಕ್ಕೆ ತಕ್ಕಂತೆ ಇಬ್ಬರೂ ಲೋಡ್ ಹಂಚಿಕೊಳ್ಳುತ್ತಾರೆ. ಸೀರೆಯ ಪಾಲು ಸೀರೆಗೆ ಬಂದೇ ಬರುತ್ತೆ. ಅದರ ಬದಲು ಒಂದು ಸ್ಪ್ರಿಂಗ್ ಸ್ವಲ್ಪ ಗಿಡ್ಡ ಇದ್ದರೆ? ಮೊದಲು ಅದೇ ಬಿಗಿಯಾಗುತ್ತೆ, ಉದ್ದದ್ದು ಸುಮ್ಮನೆ ಸಡಿಲವಾಗಿರುತ್ತೆ.

ಹಾಗಾದ್ರೆ ಲೆಕ್ಕ ಹೀಗೆ. 16 ಇಂಚಿನ ದಿಂಬಿಗೆ ಸುತ್ತ ಅರ್ಧ ಇಂಚು ಹೊಲಿಗೆ ಬಿಟ್ಟು ಸೀರೆಯನ್ನ 17 ಇಂಚು ಚೌಕ ಕತ್ತರಿಸಿ. ಲೈನಿಂಗನ್ನ 16.75 ಇಂಚು ಕತ್ತರಿಸಿ. ಎರಡರ ಅಂಚನ್ನೂ ಸೇರಿಸಿ, ಹೆಚ್ಚಿರೋ ಕಾಲಿಂಚನ್ನ ಸುತ್ತಲೂ ಸಮವಾಗಿ ಹಂಚಿ ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ. ಈಗ ಸೀರೆ ಬಿಗಿಯಾಗಬೇಕಾದರೆ ಅದಕ್ಕೆ ಮೊದಲು ಲೈನಿಂಗ್ ಸುಮಾರು ಶೇ. 1.5ರಷ್ಟು ಹಿಗ್ಗಬೇಕು. ಒರಗಿ ಕೂತಾಗ ಬೀಳುವ ಲೋಡಿನ ಬಹುಪಾಲನ್ನ ಗಟ್ಟಿ ಕಾಟನ್ ಲೈನಿಂಗೇ ಹೊತ್ತುಕೊಳ್ಳುತ್ತೆ. ಕಣ್ಣಿಗೆ ಆ ಕಾಲಿಂಚು ಕಾಣಿಸಲ್ಲ. ಒಂದು ಎಚ್ಚರಿಕೆ ಮಾತ್ರ: ಲೈನಿಂಗ್ ಬಟ್ಟೆಯನ್ನ ಮೊದಲೇ ಒಗೆದು ಒಣಗಿಸಿ ಕುಗ್ಗಿಸಿಕೊಳ್ಳಿ, ಮತ್ತು ನೇರ ಎಳೆ ಹಿಡಿದು ಕತ್ತರಿಸಿ. ಓರೆ ಕತ್ತರಿಸಿದ ಬಟ್ಟೆ ರಬ್ಬರ್ ಥರ ಹಿಗ್ಗುತ್ತೆ, ಆಗ ಮೇಲಿನ ಲೆಕ್ಕವೆಲ್ಲ ಸುಳ್ಳು.

ಇದನ್ನ ನಾವೇನೋ ಹೊಸದಾಗಿ ಕಂಡುಹಿಡಿದ ಹಾಗೆ ಹೇಳ್ತಿದ್ದೀವಿ ಅಂದುಕೊಳ್ಳಬೇಡಿ. ಉತ್ತರ ಕರ್ನಾಟಕದ ಕೌದಿ ನೋಡಿ. ಹಳೇ ಸೀರೆ, ಧೋತರಗಳನ್ನ ಪದರ ಪದರ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಸಾಲು ಹಾಕ್ತಾರೆ. ಒಂದೊಂದು ಪದರವೂ ಸೋತ ಬಟ್ಟೆಯೇ. ಆದರೆ ಒಂದರ ತೂತಿಗೆ ಇನ್ನೊಂದರ ಗಟ್ಟಿ ಜಾಗ ಅಡ್ಡ ಬರುತ್ತೆ, ಹೊಲಿಗೆಗಳು ಲೋಡನ್ನ ಪದರದಿಂದ ಪದರಕ್ಕೆ ದಾಟಿಸುತ್ತವೆ. ಮೇಲಿನ ಬಟ್ಟೆ ಎಲ್ಲಾದರೂ ಹರಿದರೆ ಆ ಹರಕು ಪಕ್ಕದ ಹೊಲಿಗೆ ಸಾಲಿನವರೆಗೆ ಹೋಗಿ ನಿಲ್ಲುತ್ತೆ. ಟೆಂಟ್, ಪ್ಯಾರಾಚೂಟ್‌ಗೆ ಬಳಸೋ ರಿಪ್‌ಸ್ಟಾಪ್ ಬಟ್ಟೆಯಲ್ಲಿ ದಪ್ಪ ಎಳೆಗಳ ಚೌಕಗಳಿರುತ್ತಲ್ಲ, ಅದೇ ಉಪಾಯ. ಸಿದ್ದಿ ಹೆಂಗಸರು ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಹೊಲಿಯೋ ಕವಂದ್‌ನಲ್ಲಿ ಹೊಲಿಗೆ ಅಂಚಿಂದ ಶುರುವಾಗಿ ಸುತ್ತುತ್ತಾ ಮಧ್ಯಕ್ಕೆ ಬರುತ್ತೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ತ್ರಿಕೋನ ಇಡ್ತಾರೆ, ಅದನ್ನ ಫೂಲ ಅಂತಾರೆ. ಫೂಲ ಇಲ್ಲದ ಕವಂದ್ ಅವರ ಪ್ರಕಾರ ಬತ್ತಲೆ. ಎಲ್ಲಕ್ಕಿಂತ ಹೆಚ್ಚು ಎಳೆದಾಟ ಮೂಲೆಗಳಿಗೇ ಅಲ್ವಾ, ಆ ದಪ್ಪ ತ್ರಿಕೋನ ಅಂದದ ಜೊತೆಗೆ ಮೂಲೆಯನ್ನೂ ಕಾಯುತ್ತೆ ಅನ್ನೋದು ನಮ್ಮ ಊಹೆ.

ದಿಂಬಿಗೆ ಇದನ್ನ ಹಾಗೇ ತರಬಹುದು. ಸೀರೆ ಮತ್ತು ಲೈನಿಂಗನ್ನ ಅಂಚಲ್ಲಿ ಸೇರಿಸಿದ ಮೇಲೆ, ಒಂದೊಂದು ಇಂಚಿಗೆ ಒಂದು ಸಾಲು ಕೈಹೊಲಿಗೆ ಹಾಕಿ, ದಾರ ಬಿಗಿ ಎಳೆಯದೆ. ಕೈಹೊಲಿಗೆ ಬೇಸರ ನಿಜ, ಒಂದು ಮುಖಕ್ಕೆ ಒಂದು ಸಂಜೆಯೇ ಬೇಕು. ಹಾಸ್ಟೆಲಲ್ಲಿ ಕ್ರಿಕೆಟ್ ನೋಡುತ್ತಾ ಮಾಡಬಹುದು. ಅಂಚಿಗೆ ಮೆಷಿನ್ ಹಾಕುವಾಗ 11ನೇ ನಂಬರಿನ ಸಣ್ಣ ಸೂಜಿ, ಹೊಲಿಗೆ ಉದ್ದ 3 ಮಿಲಿಮೀಟರ್ ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಅಂತ ಅನಿಸುತ್ತೆ, ಆದರೆ ಹಳೇ ರೇಷ್ಮೆಯಲ್ಲಿ ಅದು ಅಂಚೆ ಚೀಟಿಯ ತೂತುಗಳ ಸಾಲಿದ್ದ ಹಾಗೆ. ಅಲ್ಲೇ ಹರಿಯುತ್ತೆ.

ಹಿಂಭಾಗಕ್ಕೆ ಜಿಪ್ ಬೇಡ. ಜಿಪ್ ಎಳೆಯುವಾಗ ಬೀಳೋ ಲೋಡೆಲ್ಲ ಒಂದೇ ಗೆರೆ ಮೇಲೆ. 17 ಇಂಚು ಉದ್ದ, 12 ಇಂಚು ಅಗಲದ ಎರಡು ತುಂಡು ಇಟ್ಟು, ಒಳ ಅಂಚನ್ನ ಒಂದೊಂದು ಇಂಚು ಮಡಚಿ ಹೊಲಿದು ಒಂದರ ಮೇಲೊಂದು ಹಾಕಿದರೆ ಮಧ್ಯೆ 5 ಇಂಚು ಹೊದಿಕೆ ಸಿಗುತ್ತೆ, ಲಕೋಟೆ ಥರ. ಈ ಲೆಕ್ಕದಲ್ಲಿ ಒಂದು ಕವರ್‌ಗೆ ಸೀರೆಯ ಉದ್ದದಲ್ಲಿ 41 ಇಂಚು ಬೇಕು. ಐದೂವರೆ ಮೀಟರ್ ಉದ್ದ, 45 ಇಂಚು ಅಗಲದ ಸೀರೆಯಲ್ಲಿ ಅಗಲಕ್ಕೆ ಎರಡು, ಉದ್ದಕ್ಕೆ ಐದು, ಒಟ್ಟು ಹತ್ತು ಕವರ್ ಕಾಗದದ ಮೇಲೆ ಬರುತ್ತೆ. ಸೋತ ಜಾಗ ಬಿಟ್ಟರೆ ನಾಲ್ಕು ಬಂದರೂ ಖುಷಿಪಡಿ. ಹಿಂಭಾಗಕ್ಕೆ ಹೊಸ ಬಟ್ಟೆಯನ್ನೇ ಹಾಕೋದು ಇನ್ನೂ ಜಾಣತನ.

ಒಳಗೆ ತುಂಬೋಕೆ ಬೂರುಗದ ಹತ್ತಿ ಸಿಕ್ಕರೆ ಹಗುರ, ಆದರೆ ಅದು ನುಣುಪು, ತೆಳು ಬಟ್ಟೆಯಿಂದ ಆಚೆ ಬರುತ್ತೆ. ಒತ್ತಾಗಿ ನೇಯ್ದ ಒಳಚೀಲ ಬೇಕೇ ಬೇಕು. ಮಾಮೂಲಿ ಹತ್ತಿ ಗಂಟು ಕಟ್ಟುತ್ತೆ, ಹಿಂಜಿಸಬೇಕು. ಫೈಬರ್ ದಿಂಬು ಸುಲಭ, ಬಜೆಟ್ಟಿಗೂ ಸರಿ.

ಎಲ್ಲ ಸೀರೆಗೂ ಕತ್ತರಿ ಹಾಕಬಹುದು ಅಂತಲ್ಲ. ಕಸೂತಿ ಇರೋ ಸೀರೆ ಮುಟ್ಟಬೇಡಿ. ಗವಂತಿ, ಮುರಿಗಿ, ನೇಗಿ, ಮೆಂತಿ ಅನ್ನೋ ನಾಲ್ಕು ಹೊಲಿಗೆಗಳಲ್ಲಿ ಎಳೆ ಎಣಿಸಿ ಹಾಕುವ ಕೆಲಸ ಅದು, ಗಂಟು ಹಾಕಲ್ಲ. ಮಧ್ಯೆ ಕತ್ತರಿ ಹೋದರೆ ದಾರ ಬಿಚ್ಚಿಕೊಳ್ಳುತ್ತಾ ಹೋಗುತ್ತೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಜೋಡಿಸಿರ್ತಾರೆ. ಆ ಜೋಡಣೆ ಹೊಲಿಗೆ ಅಂಚಿಗೆ ಬರದ ಹಾಗೆ ನೋಡಿಕೊಳ್ಳಿ. ಕೆಂಪು ಸೆರಗನ್ನಂತೂ ಇಡಿಯಾಗಿ ಉಳಿಸೋದು ಒಳ್ಳೇದು. ನಿಜವಾದ ಜರಿಯಲ್ಲಿ ಬೆಳ್ಳಿ ಇರುತ್ತೆ. ಅದಕ್ಕೇ ಹಳೇ ರೇಷ್ಮೆ ಸೀರೆ ಕೊಳ್ಳೋರು ಬೀದಿಗೆ ಬರೋದು, ಸೀರೆ ಸುಟ್ಟು ಬೆಳ್ಳಿ ತೆಗೀತಾರೆ. ಅದಕ್ಕೆ ಹೋಲಿಸಿದರೆ ದಿಂಬಾಗೋದೇ ಎಷ್ಟೋ ವಾಸಿ. ಆದರೆ ಜರಿ ಕೆನ್ನೆಗೆ ಚುಚ್ಚುತ್ತೆ, ಅದನ್ನ ದಿಂಬಿನ ಬದಿಗೆ ಇಡಿ.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅಮ್ಮ ಬೇಡ ಅನ್ನಬಹುದು. ಅಜ್ಜಿ ಇಲ್ಲ, ಸೀರೆ ಇದೆ, ಅದಕ್ಕೆ ಕತ್ತರಿ ಹಾಕೋಕೆ ಅವರಿಗೆ ಮನಸ್ಸು ಬರಲ್ಲ. ನಮ್ಮ ಗುಂಪಿನಲ್ಲೇ ಇಬ್ಬರ ಮನೆಯಲ್ಲಿ ಹೀಗಾಯ್ತು. ಹಾಗೇ ಬೀರುವಿನಲ್ಲಿಟ್ಟರೆ ಮಡಿಕೆಯಲ್ಲೇ ಸೀಳುತ್ತೆ ಅನ್ನೋದು ನಮ್ಮ ವಾದ, ಕತ್ತರಿಸಿದ ಮೇಲೆ ಅದು ಅಮ್ಮನ ಸೀರೆ ಹೇಗಾಗುತ್ತೆ ಅನ್ನೋದು ಅವರ ವಾದ. ಎರಡೂ ಸರಿ. ಇಂಥ ಸೀರೆಗೆ ಲೋಡು ಇದೆ. ಟೆಕ್ಸ್ಟ್‌ಬುಕ್ಕಿನ ಲೋಡ್ ಅಲ್ಲ, ಒರಗಿ ಕೂರೋ ಗುಂಡನೆಯ ಲೋಡು. ಮ್ಯೂಸಿಯಮ್ಮುಗಳಲ್ಲಿ ಹಳೇ ಬಟ್ಟೆಗಳನ್ನ ಮಡಚದೆ ಕೊಳವೆಗೆ ಸುತ್ತಿ ಇಡ್ತಾರೆ, ಮಡಿಕೆ ಬೀಳದಿರಲಿ ಅಂತ. ಅದೇ ಥರ ಲೋಡಿಗೆ ಮೊದಲು ಒಗೆದ ಬಿಳಿ ಮಲ್ ಬಟ್ಟೆ ಸುತ್ತಿ, ಅದರ ಮೇಲೆ ಇಡೀ ಸೀರೆಯನ್ನ ಕತ್ತರಿಸದೆ ಸಡಿಲವಾಗಿ ಸುತ್ತಿ, ಸೆರಗು ಹೊರಗೆ ಬರಲಿ. ಎರಡೂ ತುದಿಯನ್ನ ಚಾಕಲೇಟ್ ಕಾಗದದ ಥರ ಸೇರಿಸಿ ಅಗಲದ ಲಾಡಿಯಲ್ಲಿ ಮೆತ್ತಗೆ ಕಟ್ಟಿ. ದಿನಾ ಒರಗೋ ಜಾಗ ಬೇಡ, ಬಿಸಿಲು ಬೀಳೋ ಕಿಟಕಿ ಪಕ್ಕವೂ ಬೇಡ. ಆರು ತಿಂಗಳಿಗೊಮ್ಮೆ ಬಿಚ್ಚಿ, ನೆರಳಲ್ಲಿ ಗಾಳಿಗೆ ಹರವಿ, ಮುಂದಿನ ಸಲ ಇನ್ನೊಂದು ತುದಿಯಿಂದ ಸುತ್ತಿ.